ಸೂರ್ಯನ ಮನೆಯ ಹಿಮನದಿ

ನಮ್ಮ ಶಾಲೆಗಳ ಭೂಗೋಳ ಪಾಠದಲ್ಲಿ ಹಿಮನದಿಗೆ ಸಿಗುವುದು ಹೆಚ್ಚೆಂದರೆ ಎರಡು ಪುಟ. ಅದರಲ್ಲೊಂದು ಚಿತ್ರ, ಚಿತ್ರದಲ್ಲಿ ಬಿಳಿಯ ನಾಲಿಗೆಯಂಥ ಒಂದು ಆಕಾರ, ಅದರ ತುದಿಯಲ್ಲಿ ಒಂದಿಷ್ಟು ಕಲ್ಲುಗುಪ್ಪೆ. ಪರೀಕ್ಷೆಗೆ ಎರಡು ಅಂಕದ ಪ್ರಶ್ನೆ. ಕಾವೇರಿ, ತುಂಗೆ, ಶರಾವತಿಗಳಿಗೆ ನೀರು ಕೊಡುವುದು ಮಳೆಗಾಲ, ಹಿಮವಲ್ಲ. ಆದ್ದರಿಂದ ಕರ್ನಾಟಕದ ವಿದ್ಯಾರ್ಥಿಗೆ ಹಿಮನದಿ ಎಂದರೆ ಎಲ್ಲೋ ದೂರದಲ್ಲಿ, ಅಲುಗಾಡದೆ ಬಿದ್ದಿರುವ ಒಂದು ಹೆಪ್ಪುಗಟ್ಟಿದ ವಸ್ತು.

ಮಲೆನಾಡಿನ ಒಂದು ಹೈಸ್ಕೂಲಿನಲ್ಲಿ ಮೂವತ್ತೆರಡು ವರ್ಷ ಈ ಎರಡು ಪುಟಗಳನ್ನು ಕಲಿಸಿ ನಿವೃತ್ತರಾದ ಮೇಷ್ಟ್ರೊಬ್ಬರಿಗೆ, ಅರವತ್ತೇಳನೆಯ ವಯಸ್ಸಿನಲ್ಲಿ, ಆ ಚಿತ್ರದೊಳಕ್ಕೆ ಕಾಲಿಡುವ ಅವಕಾಶ ಬಂತು. ಮಗಳು ಲಂಡನ್ನಿನಲ್ಲಿ ನೌಕರಿಯಲ್ಲಿದ್ದಾಳೆ. ಅಪ್ಪ ಬಂದಾಗ ನಾಲ್ಕು ದಿನ ರಜೆ ಹಾಕಿ, ಹನ್ನೊಂದು ವರ್ಷದ ಮಗನನ್ನೂ ಕಟ್ಟಿಕೊಂಡು ಐಸ್‌ಲ್ಯಾಂಡಿಗೆ ಹೊರಟಳು. ಜಲಪಾತ, ಬಿಸಿನೀರ ಬುಗ್ಗೆ ನೋಡಿ ಬರುವುದು ಅವಳ ಲೆಕ್ಕ. ಮೇಷ್ಟ್ರು ಮಾತ್ರ, "ಅಷ್ಟು ದೂರ ಹೋಗಿ ಹಿಮನದಿ ಮೇಲೆ ನಾಲ್ಕು ಹೆಜ್ಜೆ ಇಡದೆ ವಾಪಸ್ ಬರೋದಾ?" ಎಂದು ಹಠ ಹಿಡಿದರು.

"ಅಪ್ಪ, ನಿಮ್ಮ ಮಂಡಿ ಏನು ಹೇಳತ್ತೆ ಅಂತ ಕೇಳಿದೀರಾ?"

"ಮಂಡೀನ ಕೇಳಿದ್ರೆ ಅದು ಯಾವತ್ತೂ ಬೇಡ ಅಂತಲೇ ಅನ್ನೋದು."

ಮಗಳಿಗೆ ಅಪ್ಪನ ಮಂಡಿಗಿಂತ ಮಗನ ಚುರುಕಿನದೇ ಹೆಚ್ಚು ಭಯ. ಬಿರುಕುಗಳಿರುವ ಜಾಗಕ್ಕೆ ಹನ್ನೊಂದು ವರ್ಷದ ಹುಡುಗನನ್ನು ಕರೆದುಕೊಂಡು ಹೋಗುವುದು ಸರಿಯೇ? ಈ ಪ್ರಶ್ನೆ ಎಲ್ಲ ತಂದೆ ತಾಯಿಯರದೂ ಹೌದು. ವಿಚಾರಿಸಿದಾಗ ತಿಳಿದದ್ದಿಷ್ಟು: ಸುಲಭದ ನಡಿಗೆಗಳಿಗೆ ಎಂಟು ಅಥವಾ ಹತ್ತು ವರ್ಷ ದಾಟಿದ ಮಕ್ಕಳನ್ನು ಸೇರಿಸಿಕೊಳ್ಳುತ್ತಾರೆ, ತರಬೇತಾದ ಮಾರ್ಗದರ್ಶಿ ಜೊತೆಗಿರುತ್ತಾರೆ, ಮಂಜಿನ ಮೇಲೆ ಬೇಕಾಗುವ ಸಲಕರಣೆಗಳನ್ನು ಅವರೇ ಕೊಡುತ್ತಾರೆ. ಅವಳು ಒಪ್ಪಿದಳು. ಒಂದು ಷರತ್ತು ಹಾಕಿದಳು: ಮಾರ್ಗದರ್ಶಿಯ ಮಾತೇ ಕೊನೆಯ ಮಾತು. ಈ ಷರತ್ತು ಮೊಮ್ಮಗನಿಗೆ ಎಷ್ಟೋ, ಅಜ್ಜನಿಗೂ ಅಷ್ಟೇ.

ಐಸ್‌ಲ್ಯಾಂಡಿನ ನೆಲದಲ್ಲಿ ಹತ್ತರಲ್ಲೊಂದು ಭಾಗವನ್ನು ಹಿಮ ಮುಚ್ಚಿದೆ. ರಾಜಧಾನಿ ರೆಯ್ಕ್ಯಾವಿಕ್‌ನಿಂದ ಪೂರ್ವಕ್ಕೆ, ದೇಶವನ್ನು ಸುತ್ತುವರಿಯುವ ಒಂದನೆಯ ನಂಬರಿನ ರಸ್ತೆಯಲ್ಲಿ ಸುಮಾರು 160 ಕಿಲೋಮೀಟರ್ ಸಾಗಿದರೆ ಸೋಲ್ಹೆಯ್ಮಯೋಕುಲ್ ಎಂಬ ಹಿಮನದಿ ಸಿಗುತ್ತದೆ. 'ಯೋಕುಲ್' ಎಂದರೆ ಅಲ್ಲಿನ ಭಾಷೆಯಲ್ಲಿ ಹಿಮನದಿ. 'ಸೋಲ್' ಎಂದರೆ ಸೂರ್ಯ. ಸೂರ್ಯನ ಮನೆಯ ಹಿಮನದಿ! ಹೆಸರಿನಲ್ಲಿಯೇ ಬೆಂಕಿ ಮತ್ತು ಮಂಜು ಎರಡನ್ನೂ ಕಟ್ಟಿಕೊಂಡ ಈ ನದಿ, ಮಿರ್ದಾಲ್ಸ್‌ಯೋಕುಲ್ ಎಂಬ ದೊಡ್ಡ ಹಿಮಗುಡ್ಡದಿಂದ ಕೆಳಗಿಳಿದ ಒಂದು ನಾಲಿಗೆ. ಆ ಹಿಮಗುಡ್ಡದ ಅಡಿಯಲ್ಲಿ ಕಾಟ್ಲಾ ಎಂಬ ಜ್ವಾಲಾಮುಖಿ ಮಲಗಿದೆ. ಅದು ದೊಡ್ಡದಾಗಿ ಸ್ಫೋಟಿಸಿದ್ದು 1918ರಲ್ಲಿ. ಮೇಲಿನ ಹಿಮ ಒಮ್ಮೆಲೇ ಕರಗಿ ಭಾರೀ ಪ್ರವಾಹವೇ ಹರಿದಿತ್ತು. ಪಕ್ಕದ ಎಯ್ಯಾಫ್ಯಾಟ್ಲಯೋಕುಲ್ 2010ರಲ್ಲಿ ಬೂದಿ ಉಗುಳಿ ಯೂರೋಪಿನ ವಿಮಾನಗಳನ್ನೆಲ್ಲ ದಿನಗಟ್ಟಲೆ ನೆಲಕ್ಕೆ ಕಟ್ಟಿಹಾಕಿದ್ದನ್ನು ಅನೇಕರು ನೆನಪಿಟ್ಟಿರಬಹುದು.

ಸೆಪ್ಟೆಂಬರ್ ತಿಂಗಳ ಆ ಬೆಳಿಗ್ಗೆ ಜಿಟಿಜಿಟಿ ಮಳೆ. ಆಗುಂಬೆಯ ಮಳೆ ಕಂಡ ಮೇಷ್ಟ್ರಿಗೆ ಅದು ಮಳೆಯೆಂದೇ ಅನಿಸಲಿಲ್ಲ. ಆದರೆ ಗಾಳಿ ಬೀಸಿದೊಡನೆ ಹಲ್ಲು ಕಟಕಟ ಎಂದವು. ಒಳಗೆ ಉಣ್ಣೆಯ ಬಟ್ಟೆ, ಹೊರಗೆ ನೀರು ಒಳಬಿಡದ ಕೋಟು, ಕಣಕಾಲು ಮುಚ್ಚುವ ಗಟ್ಟಿ ಬೂಟು. ಹತ್ತಿಯ ಜೀನ್ಸ್ ಪ್ಯಾಂಟು ಬೇಡ, ಅದು ನೆನೆದರೆ ಬೇಗ ಒಣಗದೆ ಮೈ ಶಾಖವನ್ನೆಲ್ಲ ಹೀರುತ್ತದೆ ಎಂದು ಮೊದಲೇ ಹೇಳಿದ್ದರು. ಮಗಳ ಚೀಲದಲ್ಲಿ ಚಪಾತಿಯೊಳಗೆ ಚಟ್ನಿಪುಡಿ ಸವರಿ ಸುತ್ತಿದ ಪೊಟ್ಟಣವೂ ಇತ್ತು.

ಮಾರ್ಗದರ್ಶಿ ಸುಮಾರು ಇಪ್ಪತ್ತೈದರ ತರುಣಿ. ಎಲ್ಲರಿಗೂ ತಲೆಗೆ ಹೆಲ್ಮೆಟ್, ಸೊಂಟಕ್ಕೆ ಪಟ್ಟಿ, ಕೈಗೊಂದು ಹಿಮಗೊಡಲಿ ಕೊಟ್ಟಳು. ಕೊನೆಯದಾಗಿ ಕೊಟ್ಟದ್ದು ಕ್ರ್ಯಾಂಪಾನ್. ಬೂಟಿನ ಅಡಿಗೆ ಕಟ್ಟಿಕೊಳ್ಳುವ ಉಕ್ಕಿನ ಮುಳ್ಳುಗಳ ಚೌಕಟ್ಟು ಅದು. ಮಂಜುಗಡ್ಡೆಯ ಅಂಚಿಗೆ ತಲುಪಿದ ಮೇಲೆ ಅದನ್ನು ಕಟ್ಟಿಸಿ, ಪ್ರತಿಯೊಬ್ಬರ ಬೂಟನ್ನೂ ತಾನೇ ಬಗ್ಗಿ ಎಳೆದು ಪರೀಕ್ಷಿಸಿದಳು. ನಡೆಯುವ ಪಾಠ ಆಮೇಲೆ ಶುರುವಾಯಿತು. ಕಾಲುಗಳ ನಡುವೆ ಅಂತರವಿರಬೇಕು, ಇಲ್ಲದಿದ್ದರೆ ಒಂದು ಕಾಲಿನ ಮುಳ್ಳು ಇನ್ನೊಂದು ಕಾಲಿನ ಪ್ಯಾಂಟಿಗೆ ಸಿಕ್ಕಿ ಮುಗ್ಗರಿಸುತ್ತೀರಿ. ಹಿಮ್ಮಡಿಯನ್ನಾಗಲಿ ಬೆರಳ ತುದಿಯನ್ನಾಗಲಿ ಮೊದಲು ಊರಬಾರದು; ಇಡೀ ಪಾದವನ್ನು ಒಮ್ಮೆಲೇ ಗಟ್ಟಿಯಾಗಿ ಊರಬೇಕು. ಸಾಲಾಗಿ ಬರಬೇಕು, ಅವಳ ಹೆಜ್ಜೆಯ ಮೇಲೇ ಹೆಜ್ಜೆ.

"ಅಜ್ಜ, ಕೆಸರುಗದ್ದೇಲಿ ನಡೆದ ಹಾಗೆ ನಡೀಬೇಕು ಅಷ್ಟೇ" ಎಂದ ಮೊಮ್ಮಗ. ರಜೆಗೆ ಊರಿಗೆ ಬಂದಾಗ ಕಲಿತ ವಿದ್ಯೆ!

ಹತ್ತಿರದಿಂದ ನೋಡಿದಾಗ ಹಿಮನದಿ ಪಾಠದ ಚಿತ್ರದಂತೆ ಬೆಳ್ಳಗಿರಲಿಲ್ಲ. ಅಂಚಿನಲ್ಲೆಲ್ಲ ಕಪ್ಪು ಬೂದಿ. ಅಲ್ಲಲ್ಲಿ ಆಳೆತ್ತರದ ಕಪ್ಪು ಗೋಪುರಗಳು. ಮಾರ್ಗದರ್ಶಿ ಒಂದನ್ನು ಕೊಡಲಿಯಿಂದ ಕೆರೆದಳು. ಬೆರಳಿನಷ್ಟು ದಪ್ಪದ ಬೂದಿಯ ಕೆಳಗೆ ಹೊಳೆಯುವ ನೀರ್ಗಲ್ಲು! ಬೂದಿಯ ಪದರ ತೆಳ್ಳಗಿದ್ದರೆ ಕಪ್ಪು ಬಣ್ಣ ಬಿಸಿಲನ್ನು ಹೀರಿ ಮಂಜನ್ನು ಬೇಗ ಕರಗಿಸುತ್ತದೆ. ದಪ್ಪಗಿದ್ದರೆ ಅದೇ ಬೂದಿ ಕಂಬಳಿಯಂತೆ ಕಾಪಾಡುತ್ತದೆ. ಸುತ್ತಲಿನದೆಲ್ಲ ಕರಗಿ ಕೆಳಗಿಳಿದಾಗ ಕಂಬಳಿ ಹೊದ್ದ ಭಾಗ ಮಾತ್ರ ಗೋಪುರವಾಗಿ ಉಳಿಯುತ್ತದೆ. ಮೂವತ್ತೆರಡು ವರ್ಷ ಸೀಮೆಸುಣ್ಣ ಹಿಡಿದ ಮೇಷ್ಟ್ರು ಒದ್ದೆ ಬೂದಿಯನ್ನು ಬೆರಳಲ್ಲಿ ತಿಕ್ಕಿ ನೋಡಿ, ಒಂದು ಚಿಟಿಕೆಯನ್ನು ಕರವಸ್ತ್ರದಲ್ಲಿ ಕಟ್ಟಿಕೊಳ್ಳಲು ಹೋಗಿ, ಮಗಳ ಕಣ್ಣು ಕಂಡು ಅಲ್ಲಿಯೇ ಬಿಟ್ಟರು.

ಮೇಲೆ ಹೋದಂತೆ ಬಣ್ಣ ಬದಲಾಯಿತು. ಬಿರುಕುಗಳ ಒಳಗೆ ಆಳವಾದ ನೀಲಿ. ವರ್ಷಾನುಗಟ್ಟಲೆ ಬಿದ್ದ ಹಿಮ ತನ್ನದೇ ಭಾರಕ್ಕೆ ಒತ್ತಿ, ನಡುವಿನ ಗಾಳಿಯನ್ನು ಹಿಂಡಿ, ಗಟ್ಟಿ ನೀರ್ಗಲ್ಲಾಗುತ್ತದೆ. ಅದರೊಳಗೆ ದೂರ ಸಾಗುವ ಬೆಳಕಿನಲ್ಲಿ ಕೆಂಪು ಹೀರಿಹೋಗಿ ನೀಲಿ ಉಳಿಯುತ್ತದೆ. ಈ ಗಟ್ಟಿ ವಸ್ತು ಹರಿಯುತ್ತದೆ ಎನ್ನುವುದೇ ಸೋಜಿಗ. ತನ್ನ ಭಾರಕ್ಕೆ ತಾನೇ ಬಾಗುತ್ತ, ತಳದ ಬಂಡೆಯ ಮೇಲೆ ಜಾರುತ್ತ, ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಕೆಳಗಿಳಿಯುತ್ತದೆ. ಇಳಿಜಾರು ತಿರುವಿದಲ್ಲಿ ಮೈ ಬಿರಿದು ಬಿರುಕು ಬೀಳುತ್ತದೆ. ಈ ಹರಿವನ್ನು ಮೊದಲು ಗುರುತಿಸಿದವರಲ್ಲಿ ಐಸ್‌ಲ್ಯಾಂಡಿನವನೇ ಆದ ಸ್ವೇಯ್ನ್ ಪಾಲ್ಸನ್ ಒಬ್ಬ. 1794ರಲ್ಲಿ ಹಿಮಪರ್ವತವೊಂದನ್ನು ಹತ್ತಿ, ಕೆಳಗಿನ ಹಿಮನದಿಯ ಮೇಲಿನ ಬಾಗಿದ ಪಟ್ಟೆಗಳನ್ನು ಕಂಡು, ಇದು ಮಂದವಾದ ದ್ರವದಂತೆ ಹರಿಯುತ್ತಿದೆ ಎಂದು ಅವನು ಊಹಿಸಿದ. ಅವನು ಬರೆದದ್ದು ಬಹುಕಾಲ ಅಚ್ಚಾಗದೆ ಉಳಿಯಿತು.

ಗಂಟೆಯೊಂದು ಕಳೆದಿರಬೇಕು. ದಾರಿಯಲ್ಲಿ ಒಂದು ಸುಳಿಬಾವಿ ಎದುರಾಯಿತು. ಕರಗಿದ ನೀರು ಮಂಜನ್ನು ಕೊರೆದು ಮಾಡಿಕೊಂಡ ಉರುಟಾದ ಕೊಳವೆ. ತೊರೆಯೊಂದು ಅದರೊಳಕ್ಕೆ ಭೋರೆಂದು ಧುಮುಕುತ್ತಿತ್ತು, ತಳ ಕಾಣಿಸದು. ಅದರಾಚೆ ನೀಲಿ ಕಮಾನೊಂದಿತ್ತು, ಎಲ್ಲರೂ ಅದರಡಿ ನಿಂತು ಫೋಟೋ ತೆಗೆಸಿಕೊಳ್ಳುವ ಆಸೆಯಲ್ಲಿದ್ದರು. ಮಾರ್ಗದರ್ಶಿ ಎಲ್ಲರನ್ನೂ ನಿಲ್ಲಿಸಿ, ಒಬ್ಬಳೇ ಮುಂದೆ ಹೋಗಿ, ಕೊಡಲಿಯಿಂದ ಅಲ್ಲಲ್ಲಿ ತಟ್ಟಿ ನೋಡಿ ಹಿಂದಿರುಗಿದಳು.

"ಮಳೆಗೆ ಈ ಜಾಗ ನಿನ್ನೆ ಇದ್ದ ಹಾಗಿಲ್ಲ. ನಾವು ಅಲ್ಲಿಗೆ ಹೋಗುವುದಿಲ್ಲ."

ಗುಂಪಿನಲ್ಲಿ ಗೊಣಗಾಟ ಎದ್ದಿತು. ಒಬ್ಬರು ಕೊಟ್ಟ ದುಡ್ಡಿನ ಮಾತು ತೆಗೆದರು. ಹುಡುಗನ ಮುಖ ಸಣ್ಣದಾಯಿತು. "ಅಜ್ಜ, ಹತ್ತೇ ಹೆಜ್ಜೆ ಇದೆ. ನಾನು ಓಡಿ ಹೋಗಿ ಓಡಿ ಬರ್ತೀನಿ."

ಮಗಳು ಬಾಯಿ ತೆರೆಯುವ ಮೊದಲೇ ಮೇಷ್ಟ್ರು ಹೇಳಿದರು: "ಹೊಳೆಗೆ ಹೋದಾಗ ಯಾರ ಮಾತು ಕೇಳ್ತೀವೋ ಮರಿ? ದೋಣಿಯವನದು. ಅವನು ಇವತ್ತು ಬೇಡ ಅಂದ್ರೆ, ಪೇಟೆಯಿಂದ ಬಂದ ಸಾಹೇಬನೂ ದಡದಲ್ಲೇ ಕೂರಬೇಕು. ಇವಳು ಈ ಹೊಳೆಯ ದೋಣಿಯವಳು."

ಹುಡುಗ ಸುಮ್ಮನಾದ. ಆದರೆ ಒಪ್ಪಿದ ಎನ್ನುವಂತಿರಲಿಲ್ಲ. ಬೇರೆ ದಾರಿಯಲ್ಲಿ ಅರ್ಧ ಗಂಟೆ ನಡೆದು, ಸಮತಟ್ಟಾದ ಜಾಗದಲ್ಲಿ ಎಲ್ಲರೂ ನಿಂತು ಬುತ್ತಿ ಬಿಚ್ಚಿದಾಗ ಮಾರ್ಗದರ್ಶಿ ತಾನಾಗಿಯೇ ಅವನ ಬಳಿ ಬಂದಳು. ಐಸ್‌ಲ್ಯಾಂಡಿನ ಇನ್ನೊಂದು ಹಿಮನದಿಯಾದ ಬ್ರೆಯ್ದಾಮೆರ್ಕುರ್‌ಯೋಕುಲ್‌ನಲ್ಲಿ 2024ರ ಆಗಸ್ಟ್‌ನಲ್ಲಿ ಮಾರ್ಗದರ್ಶಿಗಳೊಡನೆ ಹೋಗಿದ್ದ ಪ್ರವಾಸಿಗಳ ಮೇಲೆ ಮಂಜು ಕುಸಿದು ಒಬ್ಬರು ತೀರಿಕೊಂಡದ್ದನ್ನು ಹೇಳಿದಳು. "ಬೆಚ್ಚಗಿನ ದಿನಗಳಲ್ಲಿ ಮಂಜು ತನ್ನ ಆಕಾರವನ್ನು ದಿನದಿಂದ ದಿನಕ್ಕೆ ಬದಲಿಸುತ್ತದೆ. ಬೇಡ ಅನ್ನುವುದೂ ನನ್ನ ಕೆಲಸವೇ" ಎಂದಳು. ಹುಡುಗ ಚಪಾತಿಯ ಒಂದು ತುಂಡನ್ನು ಅವಳಿಗೆ ಕೊಟ್ಟ. ಚಟ್ನಿಪುಡಿಯ ಖಾರಕ್ಕೆ ಅವಳ ಕಣ್ಣಲ್ಲಿ ನೀರು ಬಂತು. ಇನ್ನೊಂದು ತುಂಡು ಕೇಳಿ ತಿಂದಳು.

ಇಳಿಯುವಾಗ ಮೇಷ್ಟ್ರ ಮಂಡಿ ನಿಜವಾಗಿಯೂ ಮಾತಾಡತೊಡಗಿತು. ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ ಎನ್ನುವುದು ಎಲ್ಲ ಬೆಟ್ಟಗಳಿಗೂ ಒಂದೇ. ಮೊಮ್ಮಗ ಓಟ ಬಿಟ್ಟು ಅಜ್ಜನ ಮುಂದೆ ನಿಧಾನವಾಗಿ ನಡೆದ. ಗಟ್ಟಿ ಮಂಜು ಎಲ್ಲಿದೆಯೆಂದು ಮುಳ್ಳಿನಿಂದ ಕುಟ್ಟಿ ತೋರಿಸಿದ. ಮಗಳು ಹಿಂದಿನಿಂದ ನೋಡುತ್ತ ಬಂದಳು. ಬೆಳಿಗ್ಗೆ ಯಾರನ್ನು ಯಾರು ಕಾಯಬೇಕೆಂದು ಹೆದರಿದ್ದಳೋ ಆ ಲೆಕ್ಕವೇ ತಿರುವುಮುರುವಾಗಿತ್ತು.

ಕೆಳಗೆ ಹಿಮನದಿಯ ಮೂತಿಗೂ ದಡಕ್ಕೂ ನಡುವೆ ಒಂದು ಬೂದುಬಣ್ಣದ ಕೆರೆ. ಅದರಲ್ಲಿ ಮುರಿದು ಬಿದ್ದ ಮಂಜಿನ ತುಂಡುಗಳು ತೇಲುತ್ತಿದ್ದವು. ಹುಡುಗ ಅದರ ಚಿತ್ರ ತೆಗೆಯುತ್ತಿದ್ದಾಗ ಮಾರ್ಗದರ್ಶಿ ಹೇಳಿದ ಮಾತು ಮೂವರನ್ನೂ ನಿಲ್ಲಿಸಿತು: ಕೆರೆ ಇರುವ ಜಾಗದಲ್ಲಿ ಹಿಂದೆ ಹಿಮನದಿಯೇ ಇತ್ತು.

ಇಲ್ಲಿ ಹಿಮದ ಅಂಚನ್ನು ಅಳೆಯುವ ಕೆಲಸ 1930ರ ಸುಮಾರಿಗೇ ಶುರುವಾಗಿದೆ. ಯೋನ್ ಎಯ್‌ಥೋರ್ಸನ್ ಎಂಬ ಹವಾಮಾನ ತಜ್ಞ ಆರಂಭಿಸಿದ ಈ ಕೆಲಸವನ್ನು ಐಸ್‌ಲ್ಯಾಂಡಿನ ಉದ್ದಗಲಕ್ಕೂ ರೈತರು, ಊರಿನ ಆಸಕ್ತರು ನಡೆಸಿಕೊಂಡು ಬಂದರು. ಅಳತೆಗಳು ಹೇಳುವಂತೆ ಸೋಲ್ಹೆಯ್ಮಯೋಕುಲ್ ಯಾವಾಗಲೂ ಹಿಂದೆ ಸರಿದದ್ದಲ್ಲ. 1970ರ ದಶಕದಿಂದ 1990ರ ದಶಕದ ನಡುವಿನವರೆಗೆ ಮುಂದಕ್ಕೂ ಬಂದಿತ್ತು. ಆಮೇಲಿನದು ಹಿಂದೆ ಹೆಜ್ಜೆಯ ಕಥೆ. ಭೂಮಿಯ ಬಿಸಿ ಏರಿದಂತೆ, ಮೇಲೆ ಬೀಳುವ ಹಿಮಕ್ಕಿಂತ ಕೆಳಗೆ ಕರಗುವುದೇ ಹೆಚ್ಚಾಗಿದೆ. ಓಕ್ ಎಂಬ ಬೆಟ್ಟದ ಮೇಲಿನ ಪುಟ್ಟ ಹಿಮನದಿ ಹರಿಯಲಾರದಷ್ಟು ತೆಳ್ಳಗಾಗಿ, 2014ರಲ್ಲಿ ಹಿಮನದಿಗಳ ಪಟ್ಟಿಯಿಂದಲೇ ಹೊರಬಿತ್ತು. 2019ರಲ್ಲಿ ಜನ ಅಲ್ಲಿಗೆ ಹತ್ತಿ ಹೋಗಿ ನೆನಪಿನ ಫಲಕ ನೆಟ್ಟು ಬಂದರು. ವಿಶ್ವಸಂಸ್ಥೆ 2025ನ್ನು ಹಿಮನದಿಗಳ ಸಂರಕ್ಷಣೆಯ ವರ್ಷವೆಂದು ಸಾರಿದ್ದಕ್ಕೆ ಕಾರಣ ಇಂಥವೇ. ಹಿಮಾಲಯದ ಕಥೆಯೂ ಬೇರೆಯಲ್ಲ. ಭಾಗೀರಥಿ ಹುಟ್ಟುವ ಗೋಮುಖ ಎಂಬುದು ಗಂಗೋತ್ರಿ ಹಿಮನದಿಯ ಮೂತಿಯೇ. ಅದೂ ವರ್ಷದಿಂದ ವರ್ಷಕ್ಕೆ ಹಿಂದೆ ಸರಿಯುತ್ತಿದೆ.

"ನಾನು ನಿನ್ನಷ್ಟು ದೊಡ್ಡವನಾದಾಗ ಇದು ಇರತ್ತಾ ಅಜ್ಜ?" ಹುಡುಗ ಕೇಳಿದ. ಸ್ವಲ್ಪ ಹೊತ್ತು ಬಿಟ್ಟು, "ನಾವು ವಿಮಾನದಲ್ಲಿ ಬಂದ್ವಲ್ಲ, ಅದರಿಂದಾನೂ ಕರಗತ್ತಾ?" ಎಂದ.

ತರಗತಿಯಲ್ಲಿ ಯಾವ ಪ್ರಶ್ನೆಗೂ ತಡವರಿಸದ ಮೇಷ್ಟ್ರು ಕೆರೆಯನ್ನೇ ನೋಡುತ್ತ ನಿಂತರು. "ಒಂದೆರಡು ಹನಿ ನಮ್ಮ ಲೆಕ್ಕಕ್ಕೂ ಇರತ್ತೆ ಮರಿ. ಅದನ್ನ ಇಲ್ಲ ಅನ್ನಬಾರದು" ಎಂದರು. ಮೊದಲನೆಯ ಪ್ರಶ್ನೆಗೆ ಉತ್ತರ ಕೊಡಲಿಲ್ಲ.

ಆ ಪ್ರಶ್ನೆಯನ್ನು ಕೈಗೆತ್ತಿಕೊಂಡಿರುವವರು ಹತ್ತಿರದಲ್ಲೇ ಇದ್ದಾರೆ. ಹಿಮನದಿಗೆ ಬರುವ ಹೆದ್ದಾರಿಯಲ್ಲೇ ಹ್ವೋಲ್ಸ್‌ವೋಲುರ್ ಎಂಬ ಸಣ್ಣ ಊರಿದೆ. ಅಲ್ಲಿನ ಶಾಲೆಯ ಏಳನೆಯ ತರಗತಿಯ ಮಕ್ಕಳು 2010ರಿಂದ ಪ್ರತಿ ಶರತ್ಕಾಲದಲ್ಲಿ ಇಲ್ಲಿಗೆ ಬಂದು ಹಿಮನದಿ ಎಷ್ಟು ಹಿಂದೆ ಸರಿಯಿತೆಂದು ಅಳೆಯುತ್ತಾರೆ. ಮೊದಲು ದಡದ ಮೇಲೆ ನಡೆದು ಅಳೆಯುತ್ತಿದ್ದವರಿಗೆ, ನಡುವೆ ಕೆರೆ ಬೆಳೆದ ಮೇಲೆ ದೋಣಿ ಬೇಕಾಯಿತು. ಮೊದಲ ಹತ್ತು ವರ್ಷದಲ್ಲೇ ಅವರ ಲೆಕ್ಕ 300 ಮೀಟರನ್ನು ದಾಟಿತ್ತು. ಎಂದರೆ ವರ್ಷಕ್ಕೆ ಎರಡು ಕಬಡ್ಡಿ ಅಂಕಣಗಳನ್ನು ಮೀರಿದ ಉದ್ದ! ಪ್ರತಿ ವರ್ಷ ತರಗತಿ ಬದಲಾಗುತ್ತದೆ, ಮಕ್ಕಳು ಬದಲಾಗುತ್ತಾರೆ; ಅಳತೆ ಮಾತ್ರ ನಿಲ್ಲುವುದಿಲ್ಲ. ತಮ್ಮ ಊರಿನ ಹಿಮನದಿ ಕುರಿತು ಆ ಮಕ್ಕಳು ಹೇಳುವುದು ಪುಸ್ತಕದಲ್ಲಿ ಓದಿದ್ದಲ್ಲ, ಸ್ವಂತ ಕೈಯಿಂದ ಅಳೆದದ್ದು.

ನಮ್ಮ ಮಕ್ಕಳಿಗೆ ಅಳೆಯಲು ಹಿಮನದಿ ಇಲ್ಲದಿರಬಹುದು. ಆದರೆ ಶಾಲೆಯ ಹಿಂದೆ ಒಂದು ತೆರೆದ ಬಾವಿ ಇರುತ್ತದೆ. ಊರಿಗೊಂದು ಕೆರೆ, ತೋಟದ ಪಕ್ಕಕ್ಕೊಂದು ಹಳ್ಳ ಇರುತ್ತದೆ. ಯುಗಾದಿಯ ಹೊತ್ತಿಗೆ ಬಾವಿಯ ನೀರು ಎಷ್ಟು ಮೊಳ ಕೆಳಗಿಳಿಯಿತು, ಮೊದಲ ಮಳೆ ಯಾವ ದಿನ ಬಂತು, ಹಳ್ಳ ಯಾವ ತಿಂಗಳಲ್ಲಿ ಬತ್ತಿತು ಎಂದು ಬರೆದಿಡಲು ಬೇಕಾದದ್ದು ಒಂದು ಹಗ್ಗ, ಒಂದು ನೋಟ್‌ಬುಕ್ಕು ಮತ್ತು ಮುಂದಿನ ತರಗತಿಗೆ ಆ ಪುಸ್ತಕವನ್ನು ದಾಟಿಸುವ ಒಬ್ಬ ಮೇಷ್ಟ್ರು. ಇಪ್ಪತ್ತು ವರ್ಷ ಹೀಗೆ ಬರೆದ ಶಾಲೆಗೆ ತನ್ನ ಊರಿನ ನೀರಿನ ಬಗ್ಗೆ ಯಾರೂ ಸುಳ್ಳು ಹೇಳಲಾರರು.