ದುಬಾರೆಯ ದಡದಿಂದ ಕಡಲಾಚೆಗೆ ಮೂರು ದಾರಿ

ಕುಶಾಲನಗರವನ್ನು ಬಿಟ್ಟು ಗುಡ್ಡೆಹೊಸೂರಿನಲ್ಲಿ ಎಡಕ್ಕೆ ತಿರುಗಿ, ನಂಜರಾಯಪಟ್ಟಣವನ್ನು ದಾಟಿ ಸಿದ್ದಾಪುರದ ಹಾದಿಯಲ್ಲಿ ಸಾಗಿದರೆ ಕಾವೇರಿಯ ದಂಡೆಯಲ್ಲಿ ದುಬಾರೆ ಸಿಗುತ್ತದೆ. ಆಚೆಯ ದಡದಲ್ಲಿ ಅರಣ್ಯ ಇಲಾಖೆಯ ಆನೆ ಶಿಬಿರ, ಈಚೆಯ ದಡದಲ್ಲಿ ಪ್ರವಾಸಿಗರ ವಾಹನಗಳ ಸಾಲು, ನಡುವೆ ಹೊಳೆ. ಬೇಸಗೆಯಲ್ಲಿ ನೀರಿಳಿದು ಬಂಡೆಗಳು ಮೇಲೇಳುತ್ತವೆ. ಮಳೆಗಾಲದಲ್ಲಿ ಅವೇ ಬಂಡೆಗಳು ಎಲ್ಲಿದ್ದವೆಂಬುದೇ ತಿಳಿಯದಂತೆ ಕೆಂಪು ನೀರು ತುಂಬಿ ಹರಿಯುತ್ತದೆ, ದೋಣಿಯೂ ನಿಲ್ಲುತ್ತದೆ. ದಸರೆಯ ಕಾಲಕ್ಕೆ ಇಲ್ಲಿಯ ಆನೆಗಳಲ್ಲಿ ಕೆಲವು ಲಾರಿಯನ್ನೇರಿ ಮೈಸೂರಿಗೆ ಪಯಣಿಸುತ್ತವೆ. ಯಾವ ಹಾದಿಯಾಗಿ ಹೋಗಬೇಕೆಂಬ ಚಿಂತೆ ಆನೆಗಳಿಗಿಲ್ಲ. ಆ ಚಿಂತೆ ಇರುವುದು ಇಲ್ಲಿಯ ಮನೆಗಳವರಿಗೆ.

ಏಕೆಂದರೆ ಕೊಡಗು ಜಿಲ್ಲೆಯಲ್ಲಿ ಇಂದಿಗೂ ರೈಲುಮಾರ್ಗವಿಲ್ಲ, ವಿಮಾನ ನಿಲ್ದಾಣವೂ ಇಲ್ಲ. ಆದರೆ ಸೋಮವಾರಪೇಟೆ, ಶನಿವಾರಸಂತೆ, ಕೊಡ್ಲಿಪೇಟೆ, ಕುಶಾಲನಗರದ ಸುತ್ತಿನ ನಮ್ಮ ಸಮಾಜದ ಮನೆಗಳಲ್ಲಿ ದುಬೈ, ಅಬುಧಾಬಿ, ಮಸ್ಕತ್‌ಗಳ ಹೆಸರು ಕೇಳಿಬರದ ಮನೆ ವಿರಳ. ಮಗನೋ ಅಳಿಯನೋ ಅಲ್ಲಿ ಉದ್ಯೋಗದಲ್ಲಿರುತ್ತಾನೆ. ಒಂದಲ್ಲ ಒಂದು ದಿನ ಹಿರಿಯರೂ ಹೊರಡಬೇಕಾಗುತ್ತದೆ. ಆಗ ಮನೆಯಲ್ಲಿ ನಡೆಯುವ ಚರ್ಚೆಯೆಲ್ಲ ಟಿಕೇಟಿನ ಬೆಲೆಯ ಸುತ್ತಲೇ ಇರುವುದನ್ನು ನಾವು ಹಲವೆಡೆ ಕಂಡಿದ್ದೇವೆ. ಹೊರಡುವವರು ಎಪ್ಪತ್ತು ವರ್ಷದವರು, ಹೊರಡುವ ತಿಂಗಳು ಆಷಾಢ, ನಡುವೆ ಇರುವುದು ಘಟ್ಟ ಎಂಬ ಮೂರು ಸಂಗತಿಗಳನ್ನು ಯಾರೂ ಲೆಕ್ಕಕ್ಕೆ ತರುವುದಿಲ್ಲ.

ಕೊಡಗಿನವರಿಗೆ ಕಡಲು ದಾಟುವುದು ಹೊಸದೇನಲ್ಲ. ಹಾಲೇರಿ ವಂಶದ ಕೊನೆಯ ಅರಸ ಚಿಕ್ಕವೀರರಾಜೇಂದ್ರ 1834ರಲ್ಲಿ ರಾಜ್ಯವನ್ನು ಕಳೆದುಕೊಂಡು ಕಾಶಿಯಲ್ಲಿದ್ದವನು, 1852ರಲ್ಲಿ ಮಗಳು ಗೌರಮ್ಮನೊಡನೆ ಇಂಗ್ಲೆಂಡಿಗೆ ಹಡಗನ್ನೇರಿದನು. ಕಂಪನಿಯವರಲ್ಲಿ ಸಿಕ್ಕಿಕೊಂಡಿದ್ದ ತನ್ನ ಹಣಕ್ಕಾಗಿ ನ್ಯಾಯಾಲಯದ ಮೆಟ್ಟಿಲೇರಿದ ಆ ವೀರಶೈವ ದೊರೆ 1859ರಲ್ಲಿ ಲಂಡನ್ನಿನಲ್ಲಿಯೇ ತೀರಿಕೊಂಡನು. ಅಂದು ವಾರಗಟ್ಟಲೆ ನೀರಿನ ಮೇಲೆ ಕಳೆಯಬೇಕಾಗಿತ್ತು. ಇಂದು ಕೊಲ್ಲಿಯ ನಾಡು ನಾಲ್ಕು ಗಂಟೆಗಳ ಹಾದಿ. ಆದರೆ ಆ ನಾಲ್ಕು ಗಂಟೆಗೆ ಮೊದಲು ಮನೆಯಿಂದ ನಿಲ್ದಾಣದವರೆಗೆ ಎಷ್ಟು ಗಂಟೆ ಎಂಬುದೇ ನಮ್ಮ ಪ್ರಶ್ನೆ.

ಕಳೆದ ಮಾಘ ಮಾಸದಲ್ಲಿ ದುಬಾರೆಗೆ ಸಮೀಪದ ಕಾಫಿ ತೋಟವೊಂದರ ಭಕ್ತರ ಮನೆಯಲ್ಲಿ ನಾವು ಎರಡು ದಿನ ತಂಗಿದ್ದೆವು. ಮನೆಯ ಮಗಳು ದುಬೈನಲ್ಲಿದ್ದಾಳೆ, ಚೊಚ್ಚಲ ಬಸಿರು, ಜೂನ್ ತಿಂಗಳ ನಡುವೆ ಹೆರಿಗೆ. ತಾಯಿ ಬಾಣಂತನಕ್ಕೆ ಹೋಗಬೇಕು, ತಂದೆ ಜೊತೆಗಿರಬೇಕು. ಇಬ್ಬರೂ ಹಿಂದೆ ವಿಮಾನವನ್ನೇರಿದವರಲ್ಲ. “ಗುರುಗಳೇ, ಮಗಳು ಬೆಂಗಳೂರು ಎನ್ನುತ್ತಾಳೆ, ಅಳಿಯಂದಿರು ಮಂಗಳೂರು ಎನ್ನುತ್ತಾರೆ, ಪಕ್ಕದ ತೋಟದವರು ಕಣ್ಣೂರು ಎನ್ನುತ್ತಾರೆ. ತಾವು ಓಡಾಡಿದವರು, ತಾವೇ ಹೇಳಬೇಕು” ಎಂದು ಯಜಮಾನರು ಕೇಳಿದರು. ಅವರಿಗೆ ಹೇಳಿದ್ದನ್ನೇ ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇವೆ.

ದುಬಾರೆಯಲ್ಲಿ ನಿಂತು ನೋಡಿದರೆ ಕಾವೇರಿ ಪೂರ್ವಕ್ಕೆ ಹರಿಯುತ್ತಾಳೆ. ಆದರೆ ಮಡಿಕೇರಿಯ ಏಣನ್ನು ದಾಟಿದೊಡನೆ ನೀರು ಪಶ್ಚಿಮಕ್ಕೆ ತಿರುಗುತ್ತದೆ: ಸಂಪಾಜೆಯ ಕಡೆ ಪಯಸ್ವಿನಿ, ಮಾಕುಟ್ಟದ ಕಡೆ ಬಾರಪೊಳೆ. ಈ ಎರಡು ಹೊಳೆಗಳ ಜೊತೆಜೊತೆಗೆ ಇಳಿಯುವ ಎರಡು ಘಟ್ಟದ ರಸ್ತೆಗಳು ಮಂಗಳೂರಿಗೂ ಕಣ್ಣೂರಿಗೂ ಒಯ್ಯುತ್ತವೆ. ಮೂರನೆಯ ರಸ್ತೆ ಕಾವೇರಿಯಂತೆಯೇ ಪೂರ್ವಾಭಿಮುಖವಾಗಿ ಮೈಸೂರಿನ ಮೂಲಕ ಬೆಂಗಳೂರಿಗೆ. ಮೈಸೂರಿನ ಮಂಡಕಳ್ಳಿಯಲ್ಲಿ ನಿಲ್ದಾಣವಿದ್ದರೂ ಅಲ್ಲಿಂದ ವಿದೇಶಕ್ಕೆ ನೇರ ವಿಮಾನವಿಲ್ಲ.

ದೂರದಲ್ಲಿ ಎಲ್ಲಕ್ಕಿಂತ ಹತ್ತಿರ ಕಣ್ಣೂರು. ನಿಲ್ದಾಣವಿರುವುದು ಕಣ್ಣೂರು ಪಟ್ಟಣದಲ್ಲಲ್ಲ, ಕೊಡಗಿನ ಕಡೆಗೇ ಇರುವ ಮಟ್ಟನ್ನೂರಿನಲ್ಲಿ. ಸಿದ್ದಾಪುರ, ವಿರಾಜಪೇಟೆ, ಪೆರುಂಬಾಡಿ, ಮಾಕುಟ್ಟ, ಇರಿಟ್ಟಿ ಹೀಗೆ ಸಾಗಿದರೆ ದುಬಾರೆಯಿಂದ ಸುಮಾರು ನೂರು ಕಿಲೋಮೀಟರು, ಮೂರು ಗಂಟೆಯ ಪ್ರಯಾಣ. 2018ರ ಡಿಸೆಂಬರ್ 9ರಂದು ಈ ನಿಲ್ದಾಣ ಆರಂಭವಾದಾಗ ಹಾರಿದ ಮೊದಲ ವಿಮಾನವೇ ಅಬುಧಾಬಿಗೆ. ಕಟ್ಟಡ ವಿಶಾಲ, ಜನಸಂದಣಿ ಹಿತಮಿತ. ಮುದುಕರು ಗಾಬರಿಗೊಳ್ಳದೆ ನಿಲ್ಲಬಹುದು. ಕೊರತೆ ಇರುವುದು ವಿಮಾನಗಳ ಸಂಖ್ಯೆಯಲ್ಲಿ. ವಿದೇಶೀ ಸಂಸ್ಥೆಗಳಿಗೆ ಇಲ್ಲಿಂದ ಹಾರಲು ಅನುಮತಿ ದೊರೆಯದೆ ನಮ್ಮ ದೇಶದ ಸಂಸ್ಥೆಗಳನ್ನೇ ನಂಬಬೇಕಾಯಿತು. ಅವುಗಳಲ್ಲಿ ಗೋ ಫಸ್ಟ್ 2023ರ ಮೇ ತಿಂಗಳಲ್ಲಿ ಹಾರಾಟವನ್ನೇ ನಿಲ್ಲಿಸಿದಾಗ ಇಲ್ಲಿಯ ಆಯ್ಕೆ ಇನ್ನೂ ಕಿರಿದಾಯಿತು. ಒಂದು ವಿಮಾನ ತಪ್ಪಿದರೆ ಮುಂದಿನದಕ್ಕೆ ಮರುದಿನದವರೆಗೂ ಕಾಯಬೇಕಾಗಬಹುದು.

ಅದಕ್ಕಿಂತ ಮುಖ್ಯವಾದುದು ಮಾಕುಟ್ಟದ ಘಟ್ಟ. ಬ್ರಹ್ಮಗಿರಿಯ ದಟ್ಟ ಕಾಡಿನ ನಡುವೆ ಇಳಿಯುವ ಆ ರಸ್ತೆ 2018ರ ಮಳೆಗಾಲದಲ್ಲಿ ಹಲವೆಡೆ ಕುಸಿದುಹೋಗಿತ್ತು. ಅದೇ ವರ್ಷದ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡುಗಳ ಬಳಿ ಗುಡ್ಡ ಜರಿದು ಮಡಿಕೇರಿ–ಸಂಪಾಜೆ ರಸ್ತೆಯೂ ಮುಚ್ಚಿತು. ಎಂದರೆ ಕಣ್ಣೂರು, ಮಂಗಳೂರು ಎರಡೂ ಒಂದೇ ಮಳೆಗೆ ಕೈಬಿಟ್ಟವು. ಆ ನಂತರದ ಮಳೆಗಾಲಗಳಲ್ಲಿಯೂ ಸಂಪಾಜೆಯ ಹಾದಿಯಲ್ಲಿ ಕೆಲವು ರಾತ್ರಿ ಸಂಚಾರವನ್ನು ತಡೆದದ್ದುಂಟು. ಬೆಳಗಿನ ಜಾವದ ವಿಮಾನಕ್ಕೆಂದು ನಡುರಾತ್ರಿ ಹೊರಟವರು ತಡೆಗಂಬದ ಮುಂದೆ ನಿಂತು ಏನು ಮಾಡಬೇಕು?

ಮಂಗಳೂರಿನ ಬಜ್ಪೆ ಹಳೆಯ ನಿಲ್ದಾಣ, 1951ರಿಂದ ಇದೆ. 2006ರಲ್ಲಿ ದುಬೈಗೆ ನೇರ ಹಾರಾಟ ಮೊದಲಾಯಿತು. ದುಬಾರೆಯಿಂದ ಸುಮಾರು ನೂರ ಎಪ್ಪತ್ತೈದು ಕಿಲೋಮೀಟರು. ಮಡಿಕೇರಿ, ಸುಳ್ಯ, ಪುತ್ತೂರುಗಳನ್ನು ದಾಟಿ ಐದು ಗಂಟೆ ಬೇಕು. ಹಾರಾಟದ ಅವಧಿ ಮಾತ್ರ ಇಲ್ಲಿಂದ ಕಡಿಮೆ, ಮೂರೂವರೆ ಗಂಟೆಗಿಂತ ತುಸು ಹೆಚ್ಚು. ಕನ್ನಡವಲ್ಲದೆ ಬೇರೆ ನುಡಿ ಬಾರದ ಹಿರಿಯರಿಗೆ ಇಲ್ಲಿ ಮಾತಿನ ತೊಂದರೆಯಿಲ್ಲ. ಆದರೆ ಮಂಗಳೂರೆಂದೊಡನೆ ಹಲವರು ಬೆಚ್ಚುತ್ತಾರೆ. 2010ರ ಮೇ 22ರಂದು ದುಬೈಯಿಂದ ಬಂದ ವಿಮಾನ ಓಡುದಾರಿಯನ್ನು ಮೀರಿ ಕಣಿವೆಗೆ ಉರುಳಿ 158 ಜನ ಮಡಿದರು, ಎಂಟು ಮಂದಿ ಮಾತ್ರ ಉಳಿದರು. ಇಳಿಯುವ ಕ್ರಮ ತಪ್ಪಿದಾಗ ಮತ್ತೆ ಮೇಲೇರದೆ ಮುಂದುವರಿಸಿದ್ದೇ ಕಾರಣವೆಂದು ವಿಚಾರಣೆಯಲ್ಲಿ ತಿಳಿದುಬಂದಿತು. ಗುಡ್ಡದ ತಲೆಯನ್ನು ಸಮಮಾಡಿ ಕಟ್ಟಿದ ನಿಲ್ದಾಣವೆಂಬ ಕಾರಣಕ್ಕೆ ಮಂಗಳೂರನ್ನು ಬಿಡುವವರು ಕಣ್ಣೂರೂ ಅಂಥದೇ ಎಂಬುದನ್ನು ಅರಿಯರು. ಅಲ್ಲಿಯ ಓಡುದಾರಿ 3,050 ಮೀಟರು, ಮಂಗಳೂರಿನದು 2,450 ಮೀಟರು ಎಂಬ ವ್ಯತ್ಯಾಸವುಂಟು. ಭಯದಿಂದ ಊರನ್ನು ಬದಲಿಸಬೇಕೆಂದು ನಮಗೆ ತೋರುವುದಿಲ್ಲ. ಆದರೆ ಮಳೆಮೋಡ ಕವಿದಾಗ ಬಜ್ಪೆಯಲ್ಲಿ ಇಳಿಯಲಾಗದೆ ವಿಮಾನಗಳು ಬೇರೆಡೆಗೆ ತಿರುಗುವುದುಂಟು. ಕರೆತರಲು ಹೋದವರು ಒಂದೂರಿನಲ್ಲಿ, ಬಂದವರು ಇನ್ನೊಂದೂರಿನಲ್ಲಿ ಎಂಬಂತಾಗುತ್ತದೆ.

ಬೆಂಗಳೂರಿನ ದೇವನಹಳ್ಳಿ ನಿಲ್ದಾಣ 2008ರ ಮೇ ತಿಂಗಳಲ್ಲಿ ತೆರೆಯಿತು. 2023ರ ಸೆಪ್ಟೆಂಬರ್‌ನಿಂದ ವಿದೇಶೀ ಹಾರಾಟಗಳೆಲ್ಲ ಅಲ್ಲಿಯ ಎರಡನೆಯ ಟರ್ಮಿನಲ್‌ಗೆ ಬಂದಿವೆ. ಬಿದಿರು, ಹಸಿರು, ನೀರುಗಳಿಂದ ಸಿಂಗರಿಸಿದ ಆ ಕಟ್ಟಡ ನೋಡತಕ್ಕದ್ದೇ ಸರಿ. ಆದರೆ ನಡೆಯಬೇಕಾದ ದೂರ ಮೊಣಕಾಲು ನೋವಿನವರಿಗೆ ಭಾರವೆನಿಸುತ್ತದೆ. ಟಿಕೇಟು ಕೊಳ್ಳುವಾಗಲೇ ಗಾಲಿಕುರ್ಚಿ ಬೇಕೆಂದು ತಿಳಿಸುವುದು ಎಲ್ಲ ನಿಲ್ದಾಣಗಳಿಗೂ ಒಳ್ಳೆಯದು, ಇಲ್ಲಿಗಂತೂ ಅವಶ್ಯ. ದುಬಾರೆಯಿಂದ ಸುಮಾರು ಇನ್ನೂರ ಅರವತ್ತೈದು ಕಿಲೋಮೀಟರು. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಹೆದ್ದಾರಿಯಿಂದ ಮೈಸೂರು–ಬೆಂಗಳೂರು ನಡುವಣ ಹೊತ್ತು ಉಳಿಯಿತು. ಉಳಿದ ಹೊತ್ತನ್ನು ಕೆಂಗೇರಿಯಿಂದ ದೇವನಹಳ್ಳಿಯವರೆಗೆ ಊರನ್ನು ದಾಟುವುದರಲ್ಲಿ ಕಳೆಯುತ್ತೇವೆ. ಒಟ್ಟಿಗೆ ಆರೇಳು ಗಂಟೆ. ಮೈಸೂರಿನಲ್ಲಿ ಒಂದು ರಾತ್ರಿ ತಂಗಿ, ಅಲ್ಲಿಂದ ನೇರ ನಿಲ್ದಾಣಕ್ಕೆ ಹೋಗುವ ಸಾರಿಗೆ ಸಂಸ್ಥೆಯ ಫ್ಲೈಬಸ್ ಹಿಡಿಯುವುದು ಹಿರಿಯರಿಗೆ ಹಿತ. ಕೊಲಂಬೋಗೆ ಹೋಗಿ ಮುನ್ನೇಶ್ವರದಂಥ ಶಿವಕ್ಷೇತ್ರಗಳನ್ನು ನೋಡಬೇಕೆನ್ನುವವರಿಗೆ ಈ ಮೂರರಲ್ಲಿ ಬೆಂಗಳೂರೇ ಗತಿ. ಒಂದೂವರೆ ಗಂಟೆಯ ಹಾರಾಟಕ್ಕೆ ಹತ್ತು ಗಂಟೆಯ ಸಿದ್ಧತೆ!

ಆದರೂ ಬೆಂಗಳೂರಿನ ರಸ್ತೆ ಘಟ್ಟವಿಳಿಯುವುದಿಲ್ಲ. ಆಷಾಢ ಶ್ರಾವಣಗಳಲ್ಲಿ ಇದೊಂದೇ ಗುಣ ಅದರ ಎಲ್ಲ ದೋಷಗಳನ್ನೂ ಮುಚ್ಚುತ್ತದೆ. ಒಂದು ವಿಮಾನ ರದ್ದಾದರೆ ಅದೇ ದಿನ ಇನ್ನೊಂದು ದೊರಕುವ ಸಂಭವವೂ ಇಲ್ಲಿಯೇ ಹೆಚ್ಚು.

ಇನ್ನು ವಿಮಾನ ಸಂಸ್ಥೆಗಳು. ಮಂಗಳೂರು, ಕಣ್ಣೂರುಗಳಿಂದ ಹಾರುವ ಏರ್ ಇಂಡಿಯಾ ಎಕ್ಸ್‌ಪ್ರೆಸ್, ಇಂಡಿಗೋಗಳು ಕಡಿಮೆ ದರದವು. ಬೆಂಗಳೂರಿನಿಂದ ಎಮಿರೇಟ್ಸ್, ಎತಿಹಾದ್ ಮುಂತಾದ ಕೊಲ್ಲಿ ನಾಡಿನ ಸಂಸ್ಥೆಗಳೂ ಇವೆ. ಆಸನ ಅಗಲ, ಉಪಚಾರ ಹೆಚ್ಚು, ದರವೂ ಸಾಮಾನ್ಯವಾಗಿ ಹೆಚ್ಚು. ನಾಲ್ಕು ಗಂಟೆಯ ಪ್ರಯಾಣಕ್ಕೆ ಉಪಚಾರಕ್ಕಾಗಿ ಹೆಚ್ಚು ಹಣ ತೆರುವುದು ಅನವಶ್ಯಕವೆಂಬುದು ನಮ್ಮ ಅಭಿಪ್ರಾಯ. ಆದರೆ ಕಡಿಮೆ ದರದ ಟಿಕೇಟಿನಲ್ಲಿ ಊಟ ಸೇರಿದೆಯೆ, ಎಷ್ಟು ಕಿಲೋ ಸಾಮಾನಿಗೆ ಅವಕಾಶವಿದೆ ಎಂಬುದನ್ನು ಓದಿಯೇ ಕೊಳ್ಳಬೇಕು. ಎರಡು ರೊಟ್ಟಿ, ಚಟ್ನಿಪುಡಿ ಕೈಚೀಲದಲ್ಲಿದ್ದರೆ ಸಸ್ಯಾಹಾರದ ಚಿಂತೆಯೇ ಇಲ್ಲ. ಇಂಥ ಸಂಸ್ಥೆಗಳು ಹೋಗುವ ಟಿಕೇಟು, ಬರುವ ಟಿಕೇಟುಗಳನ್ನು ಬೇರೆಬೇರೆಯಾಗಿ ಮಾರುತ್ತವೆ. ಆದ್ದರಿಂದ ಒಂದು ನಿಲ್ದಾಣದಿಂದ ಹೋಗಿ ಇನ್ನೊಂದರಲ್ಲಿ ಇಳಿಯುವುದಕ್ಕೆ ವಿಶೇಷ ನಷ್ಟವಿಲ್ಲ. ಈ ಅನುಕೂಲವನ್ನು ನಮ್ಮವರು ಬಳಸುವುದು ಕಡಿಮೆ.

ನಮ್ಮ ಮನೆಗಳವರಿಗೆ ಇವೆಲ್ಲಕ್ಕಿಂತ ಮಿಗಿಲಾದ ವಿಷಯವೊಂದಿದೆ. ಅಂಗದ ಮೇಲಣ ಇಷ್ಟಲಿಂಗವನ್ನು ಅಗಲಿಸಬಾರದೆಂಬುದು ಗುರುವಿನ ಆಜ್ಞೆ. ಭದ್ರತಾ ತಪಾಸಣೆಯಲ್ಲಿ ಬೆಳ್ಳಿಯ ಕರಡಿಗೆ ಲೋಹಶೋಧಕದಲ್ಲಿ ಕೂಗುತ್ತದೆ. ಎಲ್ಲರಂತೆ ಅದನ್ನೂ ತಟ್ಟೆಯಲ್ಲಿಡಿ ಎನ್ನುತ್ತಾರೆ. ಒಮ್ಮೆ ಒಂದು ನಿಲ್ದಾಣದಲ್ಲಿ ತರುಣ ಸಿಬ್ಬಂದಿಯೊಬ್ಬರು ನಮಗೂ ಹಾಗೆಯೇ ಹೇಳಿದರು. ಹಿಂದೆ ನಿಂತವರು ಗೊಣಗುತ್ತಿದ್ದರು. ನಾವು ಪಕ್ಕಕ್ಕೆ ಸರಿದು, ಇದು ಪೂಜೆಯ ವಸ್ತು, ದೇಹದಿಂದ ಬೇರ್ಪಡಿಸುವಂತಿಲ್ಲ, ಬೇಕಾದರೆ ಪ್ರತ್ಯೇಕ ಕೋಣೆಯಲ್ಲಿ ಕೈಯಿಂದ ಪರೀಕ್ಷಿಸಿರಿ ಎಂದು ವಿನಂತಿಸಿದೆವು. ಹಿರಿಯ ಅಧಿಕಾರಿಯೊಬ್ಬರು ಬಂದು ಹಾಗೆಯೇ ಮಾಡಿದರು. ಕರಡಿಗೆಯನ್ನು ನಾವೇ ತೆರೆದು ತೋರಿಸಿದೆವು. ಕೋಪಕ್ಕೂ ವಾದಕ್ಕೂ ಅಲ್ಲಿ ಎಡೆಯಿಲ್ಲ. ಅವರ ಕರ್ತವ್ಯವನ್ನು ಅವರು ಮಾಡುತ್ತಾರೆ.

ಈ ಮೂರು ನಿಲ್ದಾಣಗಳ ಭದ್ರತೆಯೂ ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಯದೇ. ನಿಯಮ ಬೇರೆಯಲ್ಲ, ಬೇರೆಯಾಗಿರುವುದು ಸಾಲಿನ ಉದ್ದ. ಸಣ್ಣ ನಿಲ್ದಾಣದಲ್ಲಿ ಸಿಬ್ಬಂದಿಗೆ ಕೇಳಿಸಿಕೊಳ್ಳುವ ವ್ಯವಧಾನವಿರುತ್ತದೆ. ದೊಡ್ಡ ನಿಲ್ದಾಣದಲ್ಲಾದರೆ ಅರ್ಧ ಗಂಟೆ ಮುಂಚಿತವಾಗಿ ಹೋಗಿ, ಸಾಲಿನ ತುದಿ ತಲಪುವ ಮೊದಲೇ ವಿಷಯ ತಿಳಿಸಬೇಕು. ಮರಳುವಾಗ ಅನ್ಯದೇಶದ ಅಧಿಕಾರಿಗಳಿರುವುದರಿಂದ ಇಂಗ್ಲಿಷ್ ಮತ್ತು ಅರಬ್ಬಿಯಲ್ಲಿ ಎರಡು ಸಾಲಿನ ವಿವರಣೆಯನ್ನು ಮಕ್ಕಳಿಂದ ಬರೆಯಿಸಿ ಪಾಸ್‌ಪೋರ್ಟಿನ ಜೊತೆ ಇಟ್ಟುಕೊಳ್ಳುವುದು ಲೇಸು. ವಿಭೂತಿಯನ್ನು ಪುಡಿಯಾಗಿ ಒಯ್ಯದೆ ಗಟ್ಟಿಯಾಗಿ ಒಯ್ಯಬೇಕು. ಕೈಚೀಲದಲ್ಲಿ ನೂರು ಮಿಲಿಲೀಟರಿಗಿಂತ ಹೆಚ್ಚಿನ ನೀರಿಗೆ ಅವಕಾಶವಿಲ್ಲ. ಪೂಜೆಗೆ ಬೇಕಾದ ನೀರನ್ನು ತಪಾಸಣೆಯ ನಂತರ ಪಡೆಯಬಹುದು. ಸಾಧ್ಯವಾದರೆ ಬೆಳಗಿನ ಲಿಂಗಪೂಜೆಯನ್ನು ಮನೆಯಲ್ಲಿಯೇ ಮುಗಿಸಿ ಹೊರಡುವಂಥ ಹೊತ್ತಿನ ವಿಮಾನವನ್ನೇ ಆರಿಸಬೇಕು. ಐನೂರು ರೂಪಾಯಿ ಉಳಿಯುತ್ತದೆಂದು ನಡುರಾತ್ರಿಯ ವಿಮಾನಕ್ಕೆ ತಾಯಿತಂದೆಗಳನ್ನು ಹತ್ತಿಸುವ ಮಕ್ಕಳು ಇದನ್ನು ಗಮನಿಸಲಿ.

ತೋಟದ ಮನೆಯವರು ಕೊನೆಗೆ ನಿಶ್ಚಯಿಸಿದ್ದು ಹೀಗೆ: ಮಳೆ ಹಿಡಿಯುವ ಮೊದಲೇ, ಮೇ ತಿಂಗಳ ಕೊನೆಯ ವಾರ, ಹಗಲು ಹೊತ್ತಿನಲ್ಲಿ ಘಟ್ಟವಿಳಿದು ಕಣ್ಣೂರಿನಿಂದ ಹೋಗುವುದು, ಅರವತ್ತು ದಿನಗಳ ಸಂದರ್ಶಕ ವೀಸಾ ತೀರುವ ಮೊದಲು ಜುಲೈಯಲ್ಲಿ ಬೆಂಗಳೂರಿಗೆ ಮರಳುವುದು. ಹೆರಿಗೆಯ ದಿನ ಹಿಂದುಮುಂದಾದರೂ ತಾಯಿ ಮಗಳ ಬಳಿಯಿರುತ್ತಾಳೆ.

ಉಳಿದದ್ದು ಅಡುಗೆಮನೆಯ ಪ್ರಶ್ನೆ. ಬಾಣಂತಿಗೆಂದು ಅಮ್ಮನವರು ಅಂಟಿನುಂಡೆಯ ಸಾಮಾನನ್ನು ಆಗಲೇ ಕೂಡಿಹಾಕುತ್ತಿದ್ದರು: ಅಂಟು, ಬೆಲ್ಲ, ಒಣಖರ್ಜೂರ, ಕೊಬ್ಬರಿ, ಗಸಗಸೆ. ಗಸಗಸೆ ಆ ದೇಶದಲ್ಲಿ ಮಾದಕ ವಸ್ತುಗಳ ಸಾಲಿಗೆ ಸೇರಿದ್ದು. ಒಂದು ಚಮಚದಷ್ಟು ಸಿಕ್ಕಿದರೂ ಸೆರೆವಾಸದ ಭಯವುಂಟು. ಇಡೀ ಕೊಬ್ಬರಿ ಬಟ್ಟಲುಗಳನ್ನು ಪೆಟ್ಟಿಗೆಯಲ್ಲಿ ಒಯ್ಯುವುದನ್ನು ನಮ್ಮ ದೇಶದವರೇ 2022ರಲ್ಲಿ ನಿಷೇಧಿಸಿದರು, ಎಣ್ಣೆಯಂಶದಿಂದ ಬೆಂಕಿ ಹತ್ತೀತೆಂದು. ನಾವಿದನ್ನು ಹೇಳಿದಾಗ ಅಮ್ಮನವರು ಗಸಗಸೆಯ ಡಬ್ಬಿಯನ್ನು ಎತ್ತಿ ಮೇಲಿನ ಅಟ್ಟಕ್ಕೆ ಸೇರಿಸಿದರು. ಗಸಗಸೆಯಿಲ್ಲದ ಅಂಟಿನುಂಡೆ ರುಚಿಸೀತೆ ಎಂದು ಸೊಸೆಯನ್ನು ಕೇಳಿದರು. ಆಕೆ ಬಾದಾಮಿಯನ್ನು ಸ್ವಲ್ಪ ಹೆಚ್ಚು ಹಾಕೋಣ ಅತ್ತೆ ಎಂದಳು.