ಭಾಸ್ಕರನ ಪಾತ್ರ ಯಾರಿಗೂ ಬೇಡ

ಮಹೇಶ ಎಲಕುಂಚವಾರರ ‘ವಾಡಾ ಚಿರೇಬಂದೀ’ ನಾಟಕ ಶುರುವಾಗುವ ಹೊತ್ತಿಗೆ ಮನೆಯ ಯಜಮಾನ ತಾತ್ಯಾಜಿ ತೀರಿಕೊಂಡಿರುತ್ತಾನೆ. ಹದಿಮೂರನೆಯ ದಿನ ಊರಿಗೆಲ್ಲ ಊಟ ಹಾಕಬೇಕು, ಕೈಯಲ್ಲಿ ಕಾಸಿಲ್ಲ. ಹಿರಿಯ ಮಗ ಭಾಸ್ಕರ ಊರಲ್ಲೇ ಉಳಿದವನು, ಎರಡನೆಯ ಸುಧೀರ ಮುಂಬೈ ಸೇರಿದವನು, ಕಿರಿಯ ಚಂದೂ ಮನೆಯ ಚಾಕರಿಯೆಲ್ಲ ಮಾಡಿಯೂ ಬಾಯಿ ಬಿಡದವನು. ವಿದರ್ಭದ ಹಳ್ಳಿಯೊಂದರ ಈ ದೇಶಪಾಂಡೆ ಮನೆತನವನ್ನು ವಿಜಯಾ ಮೆಹ್ತಾ 1985ರಲ್ಲಿ ರಂಗಕ್ಕೆ ತಂದರು. ಧಾರವಾಡ ಸೀಮೆಯ ನಮ್ಮ ಮನೆಯ ಗುಟ್ಟು ಎಲಕುಂಚವಾರರಿಗೆ ಯಾರು ಹೇಳಿದರೋ!

ದೇಶಪಾಂಡೆಯವರ ಅಂಗಳದಲ್ಲಿ ಕೆಟ್ಟು ನಿಂತ ಟ್ರ್ಯಾಕ್ಟರ್. ನಮ್ಮಲ್ಲಿ ಅಜ್ಜ ಸಾಲ ಮಾಡಿ ತಂದ ಡೀಸೆಲ್ ಎಂಜಿನ್ನು. ಅದರ ಮೇಲೆ ಕುಂಬಳದ ಬಳ್ಳಿ ಹಬ್ಬಿ ವರ್ಷಕ್ಕೆ ನಾಲ್ಕು ಕಾಯಿ ಬಿಡುತ್ತದೆ, ಆ ಮಟ್ಟಿಗೆ ಲಾಭದ ಬಾಬತ್ತು. 1974ರ ಭೂಸುಧಾರಣೆಯಲ್ಲಿ ಹೊಲಗಳು ಉಳುವವರ ಪಾಲಾದವು. ದೇಶಗತಿಯ ಗತ್ತನ್ನು ಮಾತ್ರ ಯಾವ ಕಾಯಿದೆಯೂ ಮುಟ್ಟಲಿಲ್ಲ.

ಈ ನಾಟಕವನ್ನು ಪುಣೆಯಲ್ಲಿ ಮನೆಮಂದಿಯೆಲ್ಲ ಸಾಲಾಗಿ ಕೂತು ನೋಡಿದೆವು. ಮನೆಯವರ ಜೊತೆ ಇಂಥ ನಾಟಕ ನೋಡಬಾರದು; ಒಂದು ಕಣ್ಣು ರಂಗದ ಮೇಲೆ, ಇನ್ನೊಂದು ಪಕ್ಕದ ಕುರ್ಚಿಯ ಮೇಲೆ. ಭಾಸ್ಕರನ ಹೆಂಡತಿ ರಾತ್ರಿ ಹೊತ್ತು ಮನೆತನದ ಒಡವೆಗಳನ್ನೆಲ್ಲ ಮೈತುಂಬ ಹಾಕಿಕೊಂಡು ನಿಲ್ಲುವ ದೃಶ್ಯವಿದೆ. ದುಡಿದು ದುಡಿದು ಸವೆದ ಹೆಂಗಸು ಒಂದು ಗಳಿಗೆ ಆ ಮನೆಯ ಒಡತಿಯಾಗುತ್ತಾಳೆ. ಅವಳನ್ನು ಆಸೆಬುರುಕಿ ಎನ್ನಲು ನನಗಂತೂ ನಾಲಿಗೆ ಏಳಲಿಲ್ಲ. ಆಗಲೇ, ನನ್ನ ಬಲಕ್ಕೆ ಕೂತಿದ್ದ ವೈನಿ ಕೈಯಲ್ಲಿದ್ದ ಅಜ್ಜಿಯ ಪಾಟಲಿಯನ್ನು ಮೆಲ್ಲಗೆ ಸೆರಗಿನೊಳಗೆ ಎಳೆದುಕೊಂಡರು. ಆ ಪಾಟಲಿ ಯಾರಿಗೆ ಸೇರಬೇಕೆಂಬುದು ನಮ್ಮಲ್ಲಿ ಇನ್ನೂ ತೀರದ ವ್ಯಾಜ್ಯ.

ಹೊರಗೆ ಬಂದು ಚಹಾ ಕುಡಿಯುತ್ತ ಪಾತ್ರ ಹಂಚಿಕೆ ನಡೆಯಿತು.

“ಸುಧೀರ ಅಂದ್ರ ನಮ್ಮ ಕಾಕಾನೇ ಬಿಡು,” ಅಂದ ದೊಡ್ಡಪ್ಪನ ಮಗ. “ದೀಪಾವಳಿಗೆ ಬರೋದು, ಹೋಗಬೇಕಾದ್ರ ಜೋಳದ ಚೀಲ ಕಟ್ಟಿಸಿಕೊಂಡು ಹೋಗೋದು.”

ಅವನ ಕಾಕಾ ಅಂದರೆ ನನ್ನ ಅಪ್ಪ.

“ಹಂಗಾರ ಭಾಸ್ಕರ ಯಾರಣ್ಣಾ?” ಅಂದೆ.

“ಅಂಥಾವ್ರು ನಮ್ಮ ಮನ್ಯಾಗ ಯಾರೂ ಇಲ್ಲ.”

ವೈನಿ ಬಸಿಯೊಳಗಿನ ಚಹಾ ಊದುತ್ತ ಕೂತರು. ಎಲ್ಲರಿಗೂ ಎಲ್ಲರೂ ಸಿಕ್ಕಿದ್ದರು, ತಾವೊಬ್ಬರನ್ನು ಬಿಟ್ಟು. ನಾನೂ ಆ ಎಣಿಕೆಯಲ್ಲಿ ಹೊರಗಿನವನಲ್ಲ. ನಾಟಕದಲ್ಲಿ ಓದುವ ಹಂಬಲವಿದ್ದೂ ಅಪ್ಪನ ಹಟಕ್ಕೆ ಮನೆಯಲ್ಲೇ ಉಳಿದ ಮಗಳು ಪ್ರಭಾಳ ಮಾತನ್ನು ಯಾರೂ ಎತ್ತಲಿಲ್ಲ. ಅತ್ಯಾ ಎದುರಿಗೇ ಕೂತಿದ್ದಳಲ್ಲ.

ಅತ್ಯಾ ಲೋಟ ಕೆಳಗಿಟ್ಟು ಕೇಳಿದಳು, “ಚಂದೂನ ಪಾತ್ರ ಯಾರಿಗೆ ಕೊಟ್ರಿ?”

“ಸಣ್ಣ ಕಾಕಾಗ,” ಅಂದ ಅಣ್ಣ. “ಅವನೂ ಬರ್ತೀನಿ ಅಂದಿದ್ದ. ಆಕಳ ಹಾಲು ಹಿಂಡ್ಲಿಕ್ಕೆ ಯಾರರ ಬೇಕಲ್ಲ ಅಂತ ಬಿಟ್ಟು ಬಂದ್ವಿ.”