ಚೀಲದ ಬದಿಯ ಜೇಬು

2007ರ ಜೂನ್. ಮಳೆ ಹಿಡಿದು ನಾಲ್ಕನೆಯ ದಿನ. ತಲ್ಲೂರಿನ ಬಸ್‌ಸ್ಟಾಂಡಿನಲ್ಲಿ ನಿಂತು ನನ್ನ ಕ್ಯಾಮೆರಾ ಚೀಲವನ್ನು ಒಬ್ಬ ಹುಡುಗನ ಕೈಗೆ ಕೊಟ್ಟೆ. ಮಣಿಪಾಲದಲ್ಲಿ ಓದುತ್ತಿದ್ದವನು, ಊರು ಎಲ್ಲೋ ಉತ್ತರದ ಕಡೆ. ಒಂಬತ್ತೂವರೆ ಸಾವಿರ ರೂಪಾಯಿಯನ್ನು ಒದ್ದೆಯಾಗದಂತೆ ಪ್ಲಾಸ್ಟಿಕ್ ತೊಟ್ಟೆಯಲ್ಲಿ ಸುತ್ತಿ ತಂದಿದ್ದ. ದುಡ್ಡು ಕೊಡುವ ಮುಂಚೆ ಕ್ಯಾಮೆರಾ ಹೊರಗೆ ತೆಗೆದು, ಲಿವರ್ ಎಳೆದು, ಕಿವಿಯ ಹತ್ತಿರ ಹಿಡಿದು ಒಮ್ಮೆ ಕ್ಲಿಕ್ ಮಾಡಿದ. ಸದ್ದು ಕೇಳಿ ಅವನ ಮುಖ ಅರಳಿತು. ನಾನು ಬಸ್ಸು ಬಂತೇ ಎಂದು ನೋಡುವವನಂತೆ ರಸ್ತೆಯ ಕಡೆ ತಿರುಗಿ ನಿಂತೆ.

ಹೊರಡುವಾಗ ಮನೆಯಲ್ಲಿ ಅಬ್ಬಿ ಕೇಳಿದ್ದಳು: “ಚೀಲ ಪೂರಾ ಕಂಡ್ಯಾ ಮಗಾ? ಒಳ್ಗ್ ಎಂತಾರೂ ಉಳ್ದಿತ್ತಾ?” ಅಬ್ಬಿಗೆ ಕ್ಯಾಮೆರಾದ ವಿಷಯ ಗೊತ್ತಿಲ್ಲ. ಆದರೆ ಪಕ್ಕದ ಮನೆಗೆ ಹೋಗುವ ಪಾತ್ರೆಯನ್ನೂ ತಳ ಮುಟ್ಟಿ ನೋಡಿಯೇ ಕೊಡುವವಳು. “ಎಂತದೂ ಇಲ್ಲೆ” ಎಂದು ಸಿಡುಕಿ ಕೊಡೆ ಬಿಡಿಸಿದೆ. ನಾನು ನೋಡಿರಲಿಲ್ಲ. ಇನ್ನೊಮ್ಮೆ ಜಿಪ್ ಎಳೆದರೆ ಮನಸ್ಸು ಬದಲಾದೀತು ಎಂಬ ಹೆದರಿಕೆ ಇತ್ತು.

ಅದು ನಿಕಾನ್ ಎಫ್‌ಎಂ2. 1994ರಲ್ಲಿ ಮುಂಬಯಿಯ ಫೋರ್ಟಿನಲ್ಲಿ ಸೆಕೆಂಡ್ ಹ್ಯಾಂಡ್ ಕೊಂಡದ್ದು. ನಮ್ಮ ಕಡೆಯ ಎಷ್ಟೋ ಹುಡುಗರಂತೆ ನಾನೂ ಮಾವನ ಹೋಟೆಲಿನ ಗಲ್ಲಾದಲ್ಲಿ ಕೂತಿದ್ದೆ; ಎರಡು ವರ್ಷದ ಉಳಿತಾಯ ಪೂರ್ತಿ ಅದಕ್ಕೆ ಹೋಯಿತು. ಕೊಂಕಣ ರೈಲು ಪೂರ್ತಿಯಾಗಿ ಓಡಲು 1998 ಬರಬೇಕಿತ್ತು. ಹಾಗಾಗಿ ಊರಿಗೆ ಬಂದದ್ದು ಬಸ್ಸಿನಲ್ಲಿ, ಒಂದಿಡೀ ರಾತ್ರಿ ಮತ್ತು ಹಗಲು, ಚೀಲವನ್ನು ಮಡಿಲಲ್ಲಿಟ್ಟುಕೊಂಡು. ಅದೇ ವಾರ ಮನೆಯ ಮುರಕಲ್ಲಿನ ಮೆಟ್ಟಿಲ ಮೇಲೆ ಕೈತಪ್ಪಿ ಬಿತ್ತು. ತಳದ ಮೂಲೆಯಲ್ಲಿ ಉದ್ದಿನ ಕಾಳಿನಷ್ಟು ನಗ್ಗು. ಕಪ್ಪು ಬಣ್ಣ ಎದ್ದು ಒಳಗಿನ ಲೋಹ ಹಳದಿಯಾಗಿ ಕಾಣುತ್ತಿತ್ತು. ಕ್ಯಾಮೆರಾಕ್ಕೆ ಮಾತ್ರ ಏನೂ ಆಗಲಿಲ್ಲ. ಅದರ ಶಟರ್ ಪೂರ್ತಿ ಯಾಂತ್ರಿಕ. ಎರಡು ಪುಟ್ಟ ಬಟನ್ ಬ್ಯಾಟರಿ ಬೇಕಾಗುತ್ತಿದ್ದದ್ದು ಬೆಳಕು ಅಳೆಯುವ ಮೀಟರಿಗಷ್ಟೇ. ಅವು ಸತ್ತರೂ ಒಂದು ಸೆಕೆಂಡಿನಿಂದ ಸೆಕೆಂಡಿನ ನಾಲ್ಕು ಸಾವಿರದ ಒಂದು ಪಾಲಿನವರೆಗೆ ಎಲ್ಲ ವೇಗದಲ್ಲೂ ಅದು ಕೆಲಸ ಮಾಡುತ್ತಿತ್ತು. ಎರಡು ವರ್ಷ ಕಳೆದು 105 ಮಿ.ಮೀ.ನ, ಎಫ್ 2.5ರ ಲೆನ್ಸ್ ಜತೆಗೂಡಿತು. ಹಗಲು ಮದುವೆ, ಉಪನಯನ, ಗೃಹಪ್ರವೇಶ, ಅದು ಹೊಟ್ಟೆಪಾಡು. ಆ ಲೆನ್ಸ್ ಬಂದ ಮೇಲೆ ರಾತ್ರಿಯೆಲ್ಲ ಯಕ್ಷಗಾನದ ಆಟದ್ದಾಯಿತು.

ನಮ್ಮೂರು ಹಟ್ಟಿಯಂಗಡಿ ಎಂದರೆ ಹೊರಗಿನವರಿಗೆ ಸಿದ್ಧಿವಿನಾಯಕ. ಚರಿತ್ರೆ ಓದಿದವರಿಗೆ ಆಳುಪರು, ಲೋಕನಾಥೇಶ್ವರ, ಜೈನ ಬಸದಿ. ನನಗೆ ಮೊದಲು ನೆನಪಾಗುವುದು ನವೆಂಬರಿನಿಂದ ಮೇ ತನಕ ವಾರಾಹಿಯ ಆಚೆ ದಡದಿಂದ ಗಾಳಿಯ ಮೇಲೆ ಬರುವ ಚೆಂಡೆಯ ಪೆಟ್ಟು. ಮಂದಾರ್ತಿ, ಮಾರಣಕಟ್ಟೆ, ಕಮಲಶಿಲೆ, ನಮ್ಮೂರಿನದೇ ಮೇಳ: ಕೊಯ್ಲಾದ ಗದ್ದೆಯಲ್ಲಿ ಯಾರದೋ ಹರಕೆಯ ಬಯಲಾಟ ಒಂದಲ್ಲ ಒಂದು ಕಡೆ ಇದ್ದೇ ಇರುತ್ತಿತ್ತು. ನಾನು ರಂಗಸ್ಥಳಕ್ಕೆ ಹೋಗುತ್ತಿದ್ದದ್ದು ಕಡಿಮೆ. ನನ್ನ ಜಾಗ ವೇಷ ಕಟ್ಟುವ ಚೌಕಿ.

ಚೌಕಿಯಲ್ಲಿ ಫ್ಲ್ಯಾಶ್ ಹಾಕುತ್ತಿರಲಿಲ್ಲ. ಫ್ಲ್ಯಾಶ್ ಬಿದ್ದರೆ ಅರದಾಳ, ಇಂಗಳೀಕ ಹಚ್ಚಿದ ಮುಖ ಸುಣ್ಣ ಬಳಿದ ಗೋಡೆಯಂತೆ ಚಪ್ಪಟೆಯಾಗುತ್ತದೆ. 400ರ ಟ್ರೈ-ಎಕ್ಸ್ ಫಿಲ್ಮನ್ನು 1600ಕ್ಕೆ ಏರಿಸಿ, ಲೆನ್ಸ್ ಪೂರ್ತಿ ತೆರೆದು, ಸೆಕೆಂಡಿನ ಅರವತ್ತನೆಯ ಒಂದು ಪಾಲು. ವ್ಯೂಫೈಂಡರಿನ ಅಂಚಿನಲ್ಲಿ ಮೂರು ಕೆಂಪು ಗುರುತು: ಕೂಡಿಸು, ಸೊನ್ನೆ, ಕಳೆ. ಕತ್ತಲಲ್ಲಿ ಆ ಸೊನ್ನೆ ಹೊತ್ತುವುದನ್ನೇ ಕಾಯಬೇಕು. ವೇಷಧಾರಿಗಳು ತಮ್ಮ ತಮ್ಮ ಪೆಟ್ಟಿಗೆಯ ಎದುರು ಸಾಲಾಗಿ ಕೂತಿರುತ್ತಾರೆ, ಒಂದು ಕೈಯಲ್ಲಿ ಕನ್ನಡಿ. ಬಡಗುತಿಟ್ಟಿನ ಮುಂಡಾಸನ್ನು ದಿನವೂ ಹೊಸದಾಗಿ ಕಟ್ಟಬೇಕು. ಅಟ್ಟೆಯ ಮೇಲೆ ಸುತ್ತು ಸುತ್ತಾಗಿ ಬಟ್ಟೆ ಎಳೆದು, ಜರಿಯ ಪಟ್ಟಿ ಬಿಗಿದು, ಎಡಬಲ ಸಮ ಬಂತೇ ಎಂದು ಮತ್ತೆ ಮತ್ತೆ ಕನ್ನಡಿ ನೋಡಿ. ಅಭಿಮನ್ಯುವಿಗೋ ಬಭ್ರುವಾಹನನಿಗೋ ಕೇದಗೆ ಮುಂದಲೆ ಏಳುವುದನ್ನು ನೋಡುತ್ತ ಕೂತರೆ ಹೊತ್ತು ಹೋದದ್ದು ತಿಳಿಯುವುದಿಲ್ಲ.

ರೋಲಿನಲ್ಲಿ ಮೂವತ್ತಾರೇ ಚಿತ್ರ. ಫಿಲ್ಮು ಮುಂಬಯಿಯಿಂದ ಬಸ್ಸಿನವರ ಕೈಯಲ್ಲಿ ಬರಬೇಕು. ಒಬ್ಬರ ಮುಂದೆ ಒಂದು ತಾಸು ಕೂತರೆ ತೆಗೆಯುತ್ತಿದ್ದದ್ದು ಮೂರು, ನಾಲ್ಕು. ಉಳಿದ ಹೊತ್ತು ಮಾತು. ಯಾವ ಊರು, ಎಷ್ಟನೆಯ ತಿರುಗಾಟ, ಯಾರಿಂದ ಹೆಜ್ಜೆ ಕಲಿತದ್ದು, ಮಳೆಗಾಲದಲ್ಲಿ ಏನು ಕೆಲಸ. ಅಂಗೈಯಗಲದ ಒಂದು ನೋಟುಬುಕ್ಕು ಇತ್ತು. ರೋಲಿನ ನಂಬರು, ಚಿತ್ರದ ನಂಬರು, ಊರು, ಪ್ರಸಂಗ, ಹೆಸರು, ಶಟರ್, ಅಪರ್ಚರ್. ಮೊದಮೊದಲು ಬರೆದದ್ದು ಬೆಳಕಿನ ಲೆಕ್ಕ ಕಲಿಯಲಿಕ್ಕೆ. ಕಡೆಕಡೆಗೆ ಲೆಕ್ಕ ಬಾಯಿಪಾಠವಾಗಿ ಹೆಸರೇ ಹೆಚ್ಚಾಯಿತು. ಕ್ಯಾಮೆರಾ ಕೆಳಗಿಟ್ಟ ಕೂಡಲೇ ಪಕ್ಕದ ಪೆಟ್ಟಿಗೆಯಿಂದ ಯಾರಾದರೂ ಕೇಳುತ್ತಿದ್ದರು: “ಹ್ವಾಯ್, ಹೆಸ್ರ್ ಬರ್ಕಂಡ್ರಾ?”

ಈ ಹೆಸರುಗಳಿಗೆ ಬೆಲೆ ಇದೆ ಎಂದು ನನಗೆ ತಿಳಿದಿರಲಿಲ್ಲ ಎನ್ನುವ ಹಾಗೂ ಇಲ್ಲ. ಕೋಟದ ಶಿವರಾಮ ಕಾರಂತರ ‘ಯಕ್ಷಗಾನ ಬಯಲಾಟ’ಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದ ನಾಡು ಇದು. ಹಾರಾಡಿ ರಾಮ ಗಾಣಿಗರಂಥವರ ಹೆಸರನ್ನು ಯಾರೂ ಮರೆಯುವುದಿಲ್ಲ. ಆದರೆ ಹರಕೆ ಮೇಳದಲ್ಲಿ ಮೂವತ್ತು ವರ್ಷ ಎರಡನೆಯ ವೇಷ, ಮೂರನೆಯ ವೇಷ ಮಾಡಿ ಹಟ್ಟಿಗೆ ಮರಳಿದವರನ್ನು ಯಾರು ಬರೆದಿಟ್ಟಿದ್ದಾರೆ? ಬಾಲಗೋಪಾಲ ವೇಷದ ಹುಡುಗ, ನಿದ್ದೆಗಣ್ಣಿನಲ್ಲೇ ಬಣ್ಣ ಹಚ್ಚಿಸಿಕೊಳ್ಳುತ್ತಿದ್ದವನು, ಅವನನ್ನು? ನಾನು ಬರೆದಿದ್ದೆ. ಅದಕ್ಕೇ ಈ ಮಾತು ಬರೆಯುವಾಗ ಕೈ ಭಾರವಾಗುತ್ತದೆ.

ಫಿಲ್ಮು ತೊಳೆಯುತ್ತಿದ್ದದ್ದು ಮನೆಯ ಬಚ್ಚಲಲ್ಲಿ, ಅಬ್ಬಿ ಮಲಗಿದ ಮೇಲೆ. ಡಿ-76 ದ್ರಾವಣಕ್ಕೆ 20 ಡಿಗ್ರಿ ತಂಪು ಇರಬೇಕು. ಏಪ್ರಿಲಿನಲ್ಲಿ ನಮ್ಮ ಬಾವಿಯ ನೀರೇ 27, 28 ಡಿಗ್ರಿ. ಬಿಸಿ ಹೆಚ್ಚಾದರೆ ಫಿಲ್ಮಿನ ಮೇಲಿನ ಜೆಲಾಟಿನ್ ಪದರ ಮೆತ್ತಗಾಗಿ, ಬೆರಳು ತಾಗಿದರೆ ಕಿತ್ತು ಬರುತ್ತದೆ. ಸೋಡಾ ಅಂಗಡಿಯಿಂದ ಮಂಜುಗಡ್ಡೆ ತಂದು, ಗೋಣಿಯಲ್ಲಿ ಸುತ್ತಿಟ್ಟು, ಬಾಲ್ದಿಯ ನೀರಿಗೆ ಚೂರು ಚೂರೇ ಹಾಕುತ್ತ ಥರ್ಮಾಮೀಟರ್ ನೋಡುತ್ತಿದ್ದೆ. ಒಣಗಿದ ನೆಗೆಟಿವನ್ನು ಆರಾರು ಚಿತ್ರಕ್ಕೆ ಕತ್ತರಿಸಿ, ಕವರಿಗೆ ತುಂಬಿ, ಮೇಲೆ ರೋಲಿನ ನಂಬರು ಬರೆದು ಬಿಸ್ಕತ್ ಡಬ್ಬಿಗೆ ಹಾಕುವುದು. ನಂಬರು ಮಾತ್ರ. ಹೆಸರು ನೋಟುಬುಕ್ಕಿನಲ್ಲಿ ಇತ್ತಲ್ಲ. ನೋಟುಬುಕ್ಕು ಚೀಲದ ಬದಿಯ ಜೇಬಿನಲ್ಲಿ.

ಮಾರಿದ್ದು ಯಾಕೆ? 2006ರ ಜನವರಿಯಲ್ಲಿ ನಿಕಾನ್ ಕಂಪೆನಿ ಎರಡು ಮಾದರಿ ಬಿಟ್ಟು ಉಳಿದ ಫಿಲ್ಮ್ ಕ್ಯಾಮೆರಾಗಳ ತಯಾರಿಕೆ ನಿಲ್ಲಿಸುವುದಾಗಿ ಸಾರಿತು. ಮದುವೆ ಮನೆಯವರು ಸಿ.ಡಿ. ಕೇಳತೊಡಗಿದರು. ಆ ವರ್ಷದ ಮಳೆಗಾಲದಲ್ಲಿ 50 ಮಿ.ಮೀ. ಲೆನ್ಸಿನ ಒಳಗಡೆ ಬೂಷ್ಟು ಕಾಣಿಸಿತು, ಜೇಡನ ನೂಲಿನಷ್ಟು ಸಣ್ಣದು. ವರ್ಷಕ್ಕೆ 4,000 ಮಿ.ಮೀ. ಆಸುಪಾಸಿನ ಮಳೆ ಬೀಳುವ ಜಿಲ್ಲೆ. ಒಮ್ಮೆ ಹಿಡಿದ ಬೂಷ್ಟು ಗಾಜಿನ ಲೇಪವನ್ನೇ ತಿನ್ನುತ್ತದೆ. ಹೊಸದಾಗಿ ಕೊಂಡ ಡಿ80ಗೆ ಈ ಹಳೆಯ ಲೆನ್ಸುಗಳನ್ನು ಸಿಕ್ಕಿಸಬಹುದಿತ್ತು, ಆದರೆ ಮೀಟರ್ ಕೆಲಸ ಮಾಡುತ್ತಿರಲಿಲ್ಲ. ಇನ್ನೊಂದು ವರ್ಷ ಕಳೆದರೆ ಯಾರೂ ಮೂಸುವುದಿಲ್ಲ ಎಂದು ಜತೆಯವರು ಹೇಳಿದರು. ನಾನು ನಂಬಿದೆ. ಒಂಬತ್ತೂವರೆ ಸಾವಿರ ಡಿ80ಯ ಸಾಲದಲ್ಲಿ ಒಂದು ಮೂಲೆಯನ್ನೂ ತುಂಬಲಿಲ್ಲ. ಎರಡು ಮದುವೆ ಹೆಚ್ಚು ಒಪ್ಪಿಕೊಂಡಿದ್ದರೆ ಅಷ್ಟು ದುಡ್ಡು ಬರುತ್ತಿತ್ತು. ಇದನ್ನು ಎಷ್ಟು ಸಲ ಲೆಕ್ಕ ಹಾಕಿದ್ದೇನೋ.

ನೋಟುಬುಕ್ಕು ಹೋದದ್ದು ಗೊತ್ತಾದದ್ದು ನವೆಂಬರಿನಲ್ಲಿ, ಮೇಳಗಳು ಹೊರಟ ಮೇಲೆ. ಹುಡುಗನಿಗೆ ಫೋನು ಮಾಡಿದೆ. ನಂಬರು ಚಾಲ್ತಿಯಲ್ಲಿರಲಿಲ್ಲ. ಮಣಿಪಾಲಕ್ಕೆ ಎರಡು ಸಲ ಹೋದೆ; ಪೂರ್ತಿ ಹೆಸರು ತಿಳಿಯದ ಒಬ್ಬ ವಿದ್ಯಾರ್ಥಿಯನ್ನು ಅಲ್ಲಿ ಎಲ್ಲಿ ಅಂತ ಹುಡುಕುವುದು? ಆಮೇಲೆ ಬಿಟ್ಟುಬಿಟ್ಟೆ. ನನ್ನ ದೊಡ್ಡ ತಪ್ಪು ಅಲ್ಲಿಂದಲೇ ಶುರು ಎಂದು ಈಗ ತೋರುತ್ತದೆ. ಇನ್ನೊಂದು ನೋಟುಬುಕ್ಕು ಕೊಳ್ಳಲು ಹತ್ತು ರೂಪಾಯಿ ಸಾಕಿತ್ತು. ಕೊಳ್ಳಲಿಲ್ಲ. ಹೊಸ ಕ್ಯಾಮೆರಾದಲ್ಲಿ ಒಂದೇ ರಾತ್ರಿ ಆರುನೂರು, ಏಳುನೂರು ಚಿತ್ರ. ತಾರೀಕು, ಗಂಟೆ, ಶಟರ್ ಎಲ್ಲವನ್ನೂ ಅದೇ ಬರೆದುಕೊಳ್ಳುತ್ತಿತ್ತು. ಚೌಕಿಯಲ್ಲಿ ಕೂರುವುದು ಕಡಿಮೆಯಾಗಿ ಓಡಾಡುವುದು ಹೆಚ್ಚಾಯಿತು. ಹೆಸರು ಕೇಳುವುದು ನಿಂತಿತು; “ಬರ್ಕಂಡ್ರಾ” ಎಂದು ನನ್ನನ್ನು ಕೇಳುವವರೂ ಇಲ್ಲವಾದರು. ಆ ಐದಾರು ವರ್ಷದ ಸಾವಿರಾರು ಚಿತ್ರಗಳನ್ನು ಯಾವ ಸೆಕೆಂಡಿನಲ್ಲಿ ತೆಗೆದೆ ಎಂದು ಹೇಳಬಲ್ಲೆ, ಯಾರದೆಂದು ಹೇಳಲಾರೆ.

2022ರ ಬೇಸಗೆಯಲ್ಲಿ ಒಬ್ಬಳು ಹುಡುಗಿ ಮನೆಗೆ ಬಂದಳು. “ನಮ್ ಅಜ್ಜಯ್ಯಂದ್ ಒಂದ್ ಫೋಟೊ ಇತ್ತಾ ನಿಮ್ಮ್ ಹತ್ರ?” ಅಜ್ಜಯ್ಯ ತೀರಿ ವರ್ಷವಾಗುತ್ತ ಬಂದಿತ್ತು. ಮನೆಯಲ್ಲಿ ಇದ್ದದ್ದು ವೋಟರ್ ಕಾರ್ಡಿನ ಫೋಟೊ ಒಂದೇ. ವೇಷದಲ್ಲಿರುವ ಒಂದು ಫೋಟೊ ಗೋಡೆಗೆ ಹಾಕಬೇಕು ಅಂತ ಅವಳ ಅಜ್ಜಿಯ ಆಸೆ. ಹೆಸರು ಕೇಳಿದ ಕೂಡಲೇ ನನಗೆ ಗೊತ್ತಾಯಿತು. ಅವರ ಹೆಸರನ್ನು ನನ್ನ ಕೈಯಾರೆ ಬರೆದ ನೆನಪು, ಎಲೆಯಡಿಕೆ ತುಂಬಿದ ಬಾಯಲ್ಲಿ ಅವರು ಅದನ್ನು ಹೇಳಿದ ರೀತಿ ಕೂಡ. “ಇತ್ತ್, ಕೂಕಣಿ” ಎಂದು ಖುಷಿಯಿಂದಲೇ ಡಬ್ಬಿ ಇಳಿಸಿದೆ.

ನೂರ ಅರವತ್ತು ರೋಲು. ಬಣ್ಣ ಹಚ್ಚಿದ ಮುಖಗಳು, ಅದೂ ನೆಗೆಟಿವಿನಲ್ಲಿ, ಕಪ್ಪು ಬಿಳಿಯಾಗಿ ಬಿಳಿ ಕಪ್ಪಾಗಿ. ಒಂದೇ ಬಗೆಯ ಕೇದಗೆ ಮುಂದಲೆ, ಒಂದೇ ಬಗೆಯ ಎದೆಕಟ್ಟು. ಕಿಟಕಿಯ ಬೆಳಕಿಗೆ ಹಿಡಿದು ಒಂದೊಂದೇ ನೋಡಿದೆವು. ಅವಳು ಅಜ್ಜಯ್ಯನನ್ನು ವೇಷದಲ್ಲಿ ಕಂಡವಳೇ ಅಲ್ಲ. ನಾನು ಕಂಡವನು, ಗುರುತಿಸಲಾರೆ. ಸಂಜೆಯ ಬಸ್ಸಿಗೆ ಹೊರಟಾಗ ಅವಳೇ ನನ್ನನ್ನು ಸಮಾಧಾನ ಮಾಡಿದಳು: “ಇರ್ಲಿ ಬಿಡಿ, ಸಿಕ್ರೆ ಹೇಳಿ.” ಆ ರಾತ್ರಿ ಊಟ ಸೇರಲಿಲ್ಲ.

ಅದಾದ ಮೇಲೆ ಬೆಂಗಳೂರಿನ ಒಂದು ಅಂಗಡಿಯಲ್ಲಿ ಎಫ್‌ಎಂ2 ಕಂಡೆ, ನಾನು ಮಾರಿದ್ದರ ಮೂರು ಪಟ್ಟು ಬೆಲೆಗೆ. ನಿಕಾನ್ ಕಂಪೆನಿಯೇ 2021ರಲ್ಲಿ ಅದರ ರೂಪವನ್ನು ಅನುಸರಿಸಿ ಝಡ್ ಎಫ್‌ಸಿ ಎಂಬ ಡಿಜಿಟಲ್ ಕ್ಯಾಮೆರಾ ತಂದಿದೆ. ಟ್ರೈ-ಎಕ್ಸ್ ಈಗಲೂ ತಯಾರಾಗುತ್ತಿದೆ, ರೋಲಿಗೆ ಸಾವಿರ ರೂಪಾಯಿಯ ಮೇಲೆ. ಅಂಗಡಿಯವರು ಕ್ಯಾಮೆರಾವನ್ನು ಕೈಗೆ ಕೊಟ್ಟರು. ಲಿವರ್ ಎಳೆದೆ, ಕೆಂಪು ಸೊನ್ನೆ ಹೊತ್ತಿತು. ಬೆರಳು ತನ್ನಷ್ಟಕ್ಕೆ ತಳದ ಮೂಲೆಗೆ ಹೋಯಿತು. ನುಣ್ಣಗಿತ್ತು. ಥ್ಯಾಂಕ್ಸ್ ಹೇಳಿ ಮರಳಿ ಕೊಟ್ಟೆ.

ಈಗ ಮಾಡುತ್ತಿರುವ ಕೆಲಸ ಒಂದೇ. ಹಳೆಯ ಡಿ80ಯಿಂದಲೇ ನೆಗೆಟಿವುಗಳ ಫೋಟೊ ತೆಗೆದು, ಲ್ಯಾಪ್‌ಟಾಪಿನಲ್ಲಿ ಕಪ್ಪುಬಿಳಿ ತಿರುಗಿಸಿ, ಪ್ರತಿ ಆದಿತ್ಯವಾರ ಕಟ್‌ಬೆಲ್ತೂರಿನ ಒಬ್ಬರ ಮನೆಗೆ ಹೋಗುತ್ತೇನೆ. ನಲವತ್ತು ಚಿಲ್ಲರೆ ತಿರುಗಾಟ ಮುಗಿಸಿದ ವೇಷಧಾರಿ, ಈಗ ಮೊಣಕಾಲು ನೋವಿನಿಂದ ಚಾವಡಿಯಲ್ಲೇ ಇರುತ್ತಾರೆ. ಅವರು ಮುಖ ನೋಡುವುದಿಲ್ಲ. ಮೊದಲು ನೋಡುವುದು ಮುಂಡಾಸು. “ಇದ್ ಅವ್ರದ್ದೇ. ಅವ್ರ್ ಕಟ್ಟದ್ದ್ ಯಾವಾಗ್ಳೂ ಚೂರ್ ಎಡಕ್ಕ್ ವಾಲೂದ್.” ಇನ್ನೊಂದಕ್ಕೆ, “ಈ ಬೈತಲೆ ಕಾಣಿ, ಸ್ತ್ರೀವೇಷದವ್ರ್, ಗಂಗೊಳ್ಳಿ ಬದಿಯವ್ರ್.” ದಿನಕ್ಕೆ ಒಂದು ರೋಲು, ಕೆಲವೊಮ್ಮೆ ಅರ್ಧ. ಒಂದು ಚಿತ್ರ ಕಂಡರೆ ಹಿಂದೆಯೇ ಒಂದು ಕಥೆ ಬರುತ್ತದೆ, ಕಥೆ ಮುಗಿಯದೆ ಮುಂದಿನದಕ್ಕೆ ಹೋಗುವ ಹಾಗಿಲ್ಲ. ಹೆಸರನ್ನು ಹೊಸ ನೋಟುಬುಕ್ಕಿನಲ್ಲಿ ಬರೆಯುತ್ತೇನೆ, ಮನೆಗೆ ಬಂದು ಕವರಿನ ಮೇಲೂ ಪೆನ್ಸಿಲಿನಲ್ಲಿ ಬರೆಯುತ್ತೇನೆ.

ಕಳೆದ ವಾರ ರೋಲು 61. ಹದಿನಾಲ್ಕನೆಯ ಚಿತ್ರದಲ್ಲಿ ಒಬ್ಬರು ಕಾಲು ಮಡಿಸಿ ಕೂತು ಮುಂದಲೆಯ ಕೊನೆಯ ಸುತ್ತು ಎಳೆಯುತ್ತಿದ್ದಾರೆ. ಹಿಡಿದ ಕನ್ನಡಿ ಮುಖಕ್ಕೆ ಅಡ್ಡವಾಗಿದೆ. ಕಾಣುವುದು ಒಂದು ಕಣ್ಣು, ಕಿವಿಯ ಅಂಚು, ಬಟ್ಟೆ ಎಳೆಯುವ ಬೆರಳುಗಳು. ಅವರು ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಆ ಹುಡುಗಿಯ ಅಜ್ಜಯ್ಯನ ಹೆಸರನ್ನು, ನಾನು ಕೇಳದೆಯೇ, ಮೆಲ್ಲಗೆ ಹೇಳಿದರು. “ಕೈ ಕಂಡ್ರೆ ಅವ್ರೇ. ಆದ್ರೆ ಖಂಡಿತ ಅಂದ್ ಹೇಳುಕ್ ಆತಿಲ್ಲೆ.”

ಕವರಿನ ಮೇಲೆ ಹೆಸರು ಬರೆದು ಪಕ್ಕದಲ್ಲಿ ಪ್ರಶ್ನೆಯ ಗುರುತು ಹಾಕಿದ್ದೇನೆ. ಹುಡುಗಿಗೆ ಇನ್ನೂ ಹೇಳಿಲ್ಲ. ಈ ಆದಿತ್ಯವಾರ ರೋಲು 62.